ನೈಜೀರಿಯಾದ ಎಣ್ಣೆಗೂ ಚಿಕ್ಕಬಳ್ಳಾಪುರಕ್ಕೂ ಏನು ಸಂಬಂಧ?

"ಮೇಡಂ, ನೈಜೀರಿಯಾ ಎಲ್ಲಿ, ಚಿಕ್ಕಬಳ್ಳಾಪುರ ಎಲ್ಲಿ? ಅಲ್ಲಿ ಎಣ್ಣೆ ಚೆಲ್ಲಿದ್ರೆ ನೀವ್ಯಾಕೆ ಇಲ್ಲಿ ಬೋರ್ಡು ಹಿಡ್ಕೊಂಡು ನಿಲ್ತೀರಿ?"

ಈ ಪ್ರಶ್ನೆ ನನಗೆ ಸ್ಟಾಫ್ ರೂಮಿನಲ್ಲಿ ಬರುತ್ತದೆ, ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಬರುತ್ತದೆ, ಬಸ್ಸಿನಲ್ಲಿ ಪಕ್ಕ ಕೂತವರಿಂದಲೂ ಬರುತ್ತದೆ. ವರ್ಷಕ್ಕೊಮ್ಮೆ, ನವೆಂಬರ್ 10ರ ಸಂಜೆ, ನಾವು ಒಂದಷ್ಟು ಜನ ಬಿ.ಬಿ. ರಸ್ತೆಯ ಪಕ್ಕದಲ್ಲಿ ನಿಲ್ಲುತ್ತೇವೆ. ಯುರೋಪಿನಲ್ಲಿ ಎಲ್ಲೋ ಎಣ್ಣೆ ಕಂಪನಿಯ ಕಚೇರಿಗೆ ಜನ ಮುತ್ತಿಗೆ ಹಾಕಿದರು ಅಂತ ಸುದ್ದಿ ಬಂದರೆ ನಾನು ಅವರ ಪರ ಮಾತಾಡುತ್ತೇನೆ ಅನ್ನುವುದೂ ಗೊತ್ತಿರುವವರಿಗೆ ಗೊತ್ತು. ಕೇಳುವವರಲ್ಲಿ ಹೆಚ್ಚಿನವರು ಕುಹಕಕ್ಕೆ ಕೇಳುವುದಿಲ್ಲ. ನಿಜವಾಗಿಯೂ ಅರ್ಥವಾಗದೆ ಕೇಳುತ್ತಾರೆ. ಅಂಥವರಿಗೆ ನಿಂತಲ್ಲೇ ಎರಡು ಮಾತಲ್ಲಿ ಹೇಳಿ ಮುಗಿಸುವುದು ಸರಿಯಲ್ಲ.

ಮೊದಲು ಆ ದಿನದ ವಿಷಯ. 1995ರ ನವೆಂಬರ್ 10ರಂದು ನೈಜೀರಿಯಾದ ಪೋರ್ಟ್ ಹಾರ್ಕೋರ್ಟ್‌ನಲ್ಲಿ ಒಂಬತ್ತು ಜನರನ್ನು ಗಲ್ಲಿಗೇರಿಸಿದರು. ಅವರಲ್ಲೊಬ್ಬರು ಕೆನ್ ಸಾರೊ-ವಿವಾ. ಬರಹಗಾರ, ಟೀವಿ ಧಾರಾವಾಹಿ ಬರೆದು ಆ ದೇಶದಲ್ಲಿ ಮನೆಮಾತಾಗಿದ್ದವರು. ಅವರ ಜನ ಒಗೋನಿಗಳು. ನೈಜರ್ ನದಿ ಸಮುದ್ರ ಸೇರುವ ಕಡೆ ಇರುವ ಸಣ್ಣ ಸಮುದಾಯ, ಆಗ ಸುಮಾರು 5 ಲಕ್ಷ ಜನ. ಹೊಲ ಮತ್ತು ಮೀನು, ಇವೆರಡೇ ಬದುಕು. 1958ರಲ್ಲಿ ಯುರೋಪಿನ ಶೆಲ್ ಕಂಪನಿಗೆ ಅವರ ನೆಲದಲ್ಲಿ ಎಣ್ಣೆ, ಅಂದರೆ ಪೆಟ್ರೋಲ್ ತಯಾರಾಗುವ ಕಚ್ಚಾ ಎಣ್ಣೆ, ಸಿಕ್ಕಿತು. ಆಮೇಲೆ ಮೂರು ದಶಕ ಪೈಪುಗಳು ಒಡೆದವು, ಹೊಲ ಕಪ್ಪಾಯಿತು, ಎಣ್ಣೆಯ ಜೊತೆ ಬರುವ ಅನಿಲವನ್ನು ಊರಿನ ಪಕ್ಕದಲ್ಲೇ ಹಗಲು ರಾತ್ರಿ ಸುಟ್ಟರು. ಇಷ್ಟು ಸಂಪತ್ತು ಹೊರಗೆ ಹೋದರೂ ಹಳ್ಳಿಗಳಿಗೆ ಕರೆಂಟಿಲ್ಲ, ನಲ್ಲಿ ನೀರಿಲ್ಲ.

1993ರ ಜನವರಿ 4ರಂದು ಸುಮಾರು 3 ಲಕ್ಷ ಒಗೋನಿಗಳು ಹಸಿರು ಕೊಂಬೆ ಹಿಡಿದು ಬೀದಿಗೆ ಬಂದರು. ಅರ್ಧಕ್ಕಿಂತ ಜಾಸ್ತಿ ಜನ! ಅದೇ ವರ್ಷ ಶೆಲ್ ಅಲ್ಲಿ ಎಣ್ಣೆ ತೆಗೆಯುವುದನ್ನು ನಿಲ್ಲಿಸಿತು. ಬೇರೆ ಕಡೆಯ ಎಣ್ಣೆ ಸಾಗಿಸುವ ಪೈಪು ಮಾತ್ರ ಅವರ ನೆಲದಲ್ಲೇ ಉಳಿಯಿತು. ಆಮೇಲೆ ಮಿಲಿಟರಿ ಬಂತು. ನಾಲ್ವರು ಒಗೋನಿ ಮುಖಂಡರ ಕೊಲೆಯಾದಾಗ ಆ ಆರೋಪವನ್ನು ಸಾರೊ-ವಿವಾ ಮತ್ತು ಅವರ ಸಂಗಡಿಗರ ಮೇಲೆ ಹೊರಿಸಿ, ಮಿಲಿಟರಿ ಸರ್ಕಾರವೇ ನೇಮಿಸಿದ ನ್ಯಾಯಮಂಡಳಿಯಲ್ಲಿ ವಿಚಾರಣೆ ಮಾಡಿ ಗಲ್ಲಿಗೆ ಹಾಕಿದರು. ಮಾರನೇ ದಿನವೇ ಕಾಮನ್‌ವೆಲ್ತ್ ನೈಜೀರಿಯಾವನ್ನು ಅಮಾನತು ಮಾಡಿತು. 2025ರ ಜೂನಿನಲ್ಲಿ ಆ ದೇಶದ ಅಧ್ಯಕ್ಷರು ಒಂಬತ್ತೂ ಜನರಿಗೆ ಕ್ಷಮಾದಾನ ಘೋಷಿಸಿದ್ದಾರೆ. ತಪ್ಪು ಮಾಡದವರಿಗೆ ಕ್ಷಮೆ ಯಾಕೆ, ನಿರ್ದೋಷಿಗಳು ಅಂತ ಹೇಳಿ ಅನ್ನುವುದು ಗಲ್ಲಿಗೇರಿದವರ ಕಡೆಯವರ ಮಾತು. ನನ್ನದೂ ಅದೇ.

ಈಗ ದೂರದ ಮಾತಿಗೆ ಬರೋಣ.

2016ರ ಮಾರ್ಚ್‌ನಲ್ಲಿ ನಮ್ಮ ಚಿಕ್ಕಬಳ್ಳಾಪುರ, ಕೋಲಾರ, ಬೆಂಗಳೂರು ಗ್ರಾಮಾಂತರದ ರೈತರು ಟ್ರ್ಯಾಕ್ಟರ್ ಕಟ್ಟಿಕೊಂಡು ಬೆಂಗಳೂರಿಗೆ ಹೊರಟದ್ದು ನೆನಪಿದೆಯಲ್ವಾ? ಶಾಶ್ವತ ನೀರಾವರಿ ಬೇಕು ಅಂತ. ದಾರಿಯಲ್ಲಿ ಪೊಲೀಸರು ತಡೆದರು, ಲಾಠಿ ಬೀಸಿದರು. ಅವರು ಯಾಕೆ ಬೆಂಗಳೂರಿಗೇ ಹೋಗಬೇಕಿತ್ತು? ಬೋರ್‌ವೆಲ್ ಬತ್ತಿದ್ದು ಇಲ್ಲಿ, ಫ್ಲೋರೈಡ್ ನೀರು ಕುಡಿದು ಮಕ್ಕಳ ಹಲ್ಲು ಕಂದು ಬಣ್ಣಕ್ಕೆ ತಿರುಗಿದ್ದು ಇಲ್ಲಿ. ಆದರೆ ತೀರ್ಮಾನ ಆಗುವುದು ವಿಧಾನಸೌಧದಲ್ಲಿ. ನಾವು ಬತ್ತಿದ ಕೆರೆಯ ಮುಂದೆ ಎಷ್ಟು ಕೂಗಿದರೂ ಕೇಳಿಸಿಕೊಳ್ಳಬೇಕಾದವರು ಅಲ್ಲಿಲ್ಲ. ಈಗ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ ನಮ್ಮ ಕಂದವಾರ ಕೆರೆಗೆ ಬಿಡುತ್ತಾರೆ. ಮೂರನೇ ಹಂತದ ಶುದ್ಧೀಕರಣ ಮಾಡಿ ಅಂತ ಕೇಳಬೇಕಾದರೂ ಮತ್ತೆ ಬೆಂಗಳೂರಿನ ಕಡೆಗೇ ಮುಖ ಮಾಡಬೇಕು.

ಒಗೋನಿಗಳದೂ ಇದೇ ಕಥೆ. ವ್ಯತ್ಯಾಸ ಇಷ್ಟೇ: ಅವರ ವಿಧಾನಸೌಧ ಅಂದರೆ ಶೆಲ್‌ನ ಮುಖ್ಯ ಕಚೇರಿ. ಅದು ಈಗ ಲಂಡನ್ನಿನಲ್ಲಿದೆ, ಮೊದಲು ನೆದರ್ಲೆಂಡ್ಸ್‌ನ ಹೇಗ್‌ನಲ್ಲಿತ್ತು. ಅಲ್ಲಿಗೆ ಅವರು ಟ್ರ್ಯಾಕ್ಟರ್ ಓಡಿಸಿಕೊಂಡು ಹೋಗಲಾರರು. ವೀಸಾ ಸಿಗುವುದೇ ಕಷ್ಟ. ಆ ಬಾಗಿಲ ಹತ್ತಿರ ಇರುವವರು ಯಾರೋ ಅವರ ಪರವಾಗಿ ಬಾಗಿಲು ಬಡಿಯಬೇಕು. 1999ರ ಜನವರಿ 4ರಂದು, ಒಗೋನಿಗಳು ಬೀದಿಗೆ ಬಂದ ಅದೇ ತಾರೀಕಿಗೆ, ಲಂಡನ್ನಿನಲ್ಲಿ ಕೆಲವರು ಶೆಲ್ ಕಚೇರಿಯೊಳಗೆ ಹೋಗಿ ಮೇಲಧಿಕಾರಿಗಳ ಕೋಣೆಗಳಲ್ಲಿ ಬಾಗಿಲಿಗೆ ಅಡ್ಡ ಕೊಟ್ಟು ಕೂತರು. ಅದನ್ನು ಪುಂಡಾಟ ಅಂದವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಮನವಿಪತ್ರ ಕೊಟ್ಟು ಕೊಟ್ಟು ಸಾಕಾದ ಮೇಲೆ ಕಚೇರಿಗೆ ಮುತ್ತಿಗೆ ಹಾಕುವುದು ನಮ್ಮ ಜಿಲ್ಲೆಗಳಿಗೆ ಹೊಸದೇನಲ್ಲ. 1983ರಲ್ಲಿ ತುಮಕೂರು ಜಿಲ್ಲೆಯ ರೈತರು ಅರಣ್ಯ ಇಲಾಖೆಯ ನರ್ಸರಿಗೆ ಹೋಗಿ ನೀಲಗಿರಿ ಸಸಿಗಳನ್ನು ಕಿತ್ತು, ಆ ಜಾಗದಲ್ಲಿ ಹುಣಸೆ, ಮಾವಿನ ಬೀಜ ಹಾಕಿ ಬಂದರು. ಆಗಲೂ ಅದನ್ನು ಕಾನೂನು ಮುರಿದದ್ದು ಅಂದರು. 2017ರಲ್ಲಿ ಸರ್ಕಾರವೇ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. 1999ರಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ಜೊತೆ ನೂರಾರು ರೈತರು ಯುರೋಪ್ ಸುತ್ತಿ, ದೊಡ್ಡ ಕಂಪನಿಗಳ ಮತ್ತು ವಿಶ್ವ ವ್ಯಾಪಾರ ಸಂಘಟನೆಯ ವಿರುದ್ಧ ಕೂಗಿ ಬಂದರು. ಆಗ ಅಲ್ಲಿನವರು ನಮ್ಮವರನ್ನು ಮನೆಯಲ್ಲಿ ಉಳಿಸಿಕೊಂಡು ಊಟ ಹಾಕಿದರು, ಮೆರವಣಿಗೆಯಲ್ಲಿ ಜೊತೆಗೆ ನಡೆದರು. "ಕರ್ನಾಟಕ ಎಲ್ಲಿ, ನಾವೆಲ್ಲಿ" ಅಂತ ಅವರು ಕೇಳಿದ್ದರೆ?

ಇನ್ನೊಂದು ವಿಷಯ. ದೂರದವರು ಜೊತೆ ನಿಲ್ಲುವುದು ಅಂದರೆ ಅಲ್ಲಿನವರು ಸುಮ್ನೆ ಕೂತಿದ್ದಾರೆ ಅಂತ ಅಲ್ಲ. ನನಗೆ ಎಲ್ಲಕ್ಕಿಂತ ಹೆಚ್ಚು ಧೈರ್ಯ ಕೊಡುವುದು ಎಸ್ಕ್ರಾವೋಸ್‌ನ ಹೆಂಗಸರು. 2002ರ ಜುಲೈನಲ್ಲಿ ನೈಜರ್ ಮುಖಜ ಭೂಮಿಯ ಉಗ್ಬೊರೊಡೊ ಮತ್ತು ಸುತ್ತಲಿನ ಹಳ್ಳಿಗಳ ನೂರಾರು ಹೆಂಗಸರು ದೋಣಿಯಲ್ಲಿ ಬಂದು ಆಗಿನ ಶೆವ್ರಾನ್-ಟೆಕ್ಸಾಕೊ ಕಂಪನಿಯ, ಎಣ್ಣೆಯನ್ನು ಹಡಗಿಗೆ ತುಂಬುವ ಎಸ್ಕ್ರಾವೋಸ್ ಟರ್ಮಿನಲ್ ಒಳಗೆ ಕೂತರು. ಅಜ್ಜಿಯರಿದ್ದರು, ಮಗು ಕಟ್ಟಿಕೊಂಡ ತಾಯಂದಿರಿದ್ದರು. ವಿಮಾನ ಇಳಿಯುವ ಜಾಗ, ದೋಣಿ ನಿಲ್ಲುವ ಜಾಗ ಎರಡನ್ನೂ ಹಿಡಿದರು. ಒಳಗಿದ್ದ ಸುಮಾರು 700 ಕೆಲಸಗಾರರು ಹೊರಗೆ ಹೋಗುವಂತಿಲ್ಲ. ಕೈಯಲ್ಲಿ ಕೋಲೂ ಇರಲಿಲ್ಲ. "ನಮ್ಮನ್ನು ಬಲವಂತವಾಗಿ ಎಬ್ಬಿಸಿದರೆ ಬಟ್ಟೆ ಬಿಚ್ಚಿ ನಿಲ್ಲುತ್ತೇವೆ" ಅಂದರು. ತಾಯಿ ವಯಸ್ಸಿನ ಹೆಂಗಸು ಹಾಗೆ ನಿಂತರೆ ನೋಡಿದವರಿಗೆ ಶಾಪ ತಟ್ಟುತ್ತದೆ ಅನ್ನುವುದು ಅಲ್ಲಿನ ನಂಬಿಕೆ. ಸುಮಾರು ಹತ್ತು ದಿನ ಹಾಗೇ ಕೂತರು. ಕೇಳಿದ್ದು ಏನು? ಗಂಡುಮಕ್ಕಳಿಗೆ ಕೆಲಸ, ಊರಿಗೆ ನೀರು, ಕರೆಂಟು, ಶಾಲೆ. ಕಂಪನಿ ಅವರ ಜೊತೆ ಕೂತು ಒಪ್ಪಂದ ಮಾಡಿಕೊಳ್ಳಬೇಕಾಯಿತು.

ಇವರ ಜೊತೆ ನಿಲ್ಲುವವರು ಮೊದಲು ಇವರು ಏನು ಕೇಳುತ್ತಿದ್ದಾರೆ ಅಂತ ಕೇಳಿಸಿಕೊಳ್ಳಬೇಕು. ಆಮೇಲೆ ಅದನ್ನೇ ಹೇಳಬೇಕು, ತಮ್ಮದನ್ನು ಸೇರಿಸಬಾರದು. ಅಂಕಿ ಸಂಖ್ಯೆಯಲ್ಲೂ ಎಚ್ಚರ ಬೇಕು. 1995ರಲ್ಲೇ ಗ್ರೀನ್‌ಪೀಸ್ ಅನ್ನುವ ಪರಿಸರ ಸಂಘಟನೆಯವರು ಉತ್ತರ ಸಮುದ್ರದಲ್ಲಿ ಶೆಲ್‌ನ ಬ್ರೆಂಟ್ ಸ್ಪಾರ್ ಅನ್ನುವ ಹಳೇ ಎಣ್ಣೆ ತೊಟ್ಟಿಯನ್ನು ಹತ್ತಿ ಕೂತರು. ಅದನ್ನು ಸಮುದ್ರದಲ್ಲಿ ಮುಳುಗಿಸಬಾರದು ಅಂತ. ಜರ್ಮನಿಯಲ್ಲಿ ಜನ ಶೆಲ್ ಬಂಕುಗಳಿಗೆ ಹೋಗುವುದನ್ನೇ ಬಿಟ್ಟರು. ಏಪ್ರಿಲ್ ಕೊನೆಯಲ್ಲಿ ಶುರುವಾದದ್ದು, ಜೂನ್ 20ಕ್ಕೆ ಕಂಪನಿ ಮಣಿಯಿತು. ಆದರೆ ಆ ತೊಟ್ಟಿಯಲ್ಲಿ ಉಳಿದ ಎಣ್ಣೆಯ ಲೆಕ್ಕವನ್ನು ಗ್ರೀನ್‌ಪೀಸ್ ತಪ್ಪಾಗಿ ಹೇಳಿತ್ತು, ಆಮೇಲೆ ಕ್ಷಮೆ ಕೇಳಬೇಕಾಯಿತು. ಇವತ್ತಿಗೂ ಕಂಪನಿಗಳ ಪರ ಮಾತಾಡುವವರು ಅದನ್ನೇ ಎತ್ತಿ ತೋರಿಸುತ್ತಾರೆ. ನನ್ನನ್ನು ಕಾಡುವುದು ಬೇರೆ. ಒಂದು ಕಬ್ಬಿಣದ ತೊಟ್ಟಿಗಾಗಿ ಎರಡೇ ತಿಂಗಳಲ್ಲಿ ಬಗ್ಗಿದ ಕಂಪನಿಯ ಮೇಲೆ, ಅದೇ ವರ್ಷ ಒಂಬತ್ತು ಜನರ ಜೀವಕ್ಕಾಗಿ ಅಷ್ಟೇ ಒತ್ತಡ ಬಿದ್ದಿದ್ದರೆ?

"ನೀವೂ ಸ್ಕೂಟಿಗೆ ಪೆಟ್ರೋಲ್ ಹಾಕಿಸ್ತೀರಲ್ವಾ?" ಹೌದು, ಹಾಕಿಸುತ್ತೇನೆ. ನಾನಿರುವ ಕಡೆಯಿಂದ ಶಾಲೆಗೆ ಬೇರೆ ದಾರಿ ಇಲ್ಲ. ಒಗೋನಿ ಮೀನುಗಾರರೂ ದೋಣಿಯ ಮೋಟರಿಗೆ ಪೆಟ್ರೋಲ್ ಹಾಕುತ್ತಾರೆ. ದುಡ್ಡು ಕೊಟ್ಟು ಕೊಂಡವರಿಗೆ ಆ ಸರಕು ಹೇಗೆ ಬಂತು ಅಂತ ಕೇಳುವ ಹಕ್ಕು ಜಾಸ್ತಿಯೇ ಇದೆ, ಕಮ್ಮಿ ಇಲ್ಲ. ಹಾಗಂತ ನಾವು ಬಂಕಿನ ಮುಂದೆ ನಿಲ್ಲುವುದಿಲ್ಲ. ಬಿಸಿಲಲ್ಲಿ ನಿಂತು ಪೆಟ್ರೋಲ್ ಹಾಕುವ ಹುಡುಗರ ಕೆಲಸಕ್ಕೆ ಕುತ್ತು ತರುವುದು ನಮಗೆ ಬೇಕಿಲ್ಲ. ದೇವನಹಳ್ಳಿ ವಿಮಾನ ನಿಲ್ದಾಣದ ಹತ್ತಿರ ಶೆಲ್‌ನ ದೊಡ್ಡ ತಂತ್ರಜ್ಞಾನ ಕೇಂದ್ರವಿದೆ. ನಮ್ಮ ಕಡೆಯ ಮಕ್ಕಳಿಗೆ ಅಂಥಲ್ಲಿ ಕೆಲಸ ಸಿಕ್ಕರೆ ನನಗೂ ಸಂತೋಷವೇ. ಅವರು ಒಳಗೆ ಕೂತು ಈ ಪ್ರಶ್ನೆ ಕೇಳಿದರೆ ನಮ್ಮ ಬೋರ್ಡಿಗಿಂತ ಬೆಲೆ ಜಾಸ್ತಿ.

"ನಮ್ಮ ದೇಶದಲ್ಲಿ ಇಲ್ವಾ ಇಂಥದ್ದು?" ಇದೆ. 2020ರ ಮೇ ತಿಂಗಳಲ್ಲಿ ಅಸ್ಸಾಮಿನ ಬಾಗ್‌ಜಾನ್‌ನಲ್ಲಿ ಆಯಿಲ್ ಇಂಡಿಯಾದ ಬಾವಿ ಸಿಡಿಯಿತು, ಜೂನಿನಲ್ಲಿ ಬೆಂಕಿ ಹತ್ತಿತು, ಪೂರ್ತಿ ಆರಿದ್ದು ನವೆಂಬರಿನಲ್ಲಿ. ತಮಿಳುನಾಡಿನ ನೆಡುವಾಸಲ್‌ನಲ್ಲಿ 2017ರಲ್ಲಿ ರೈತರು ಎಣ್ಣೆ, ಅನಿಲ ತೆಗೆಯುವ ಹೈಡ್ರೋಕಾರ್ಬನ್ ಬಾವಿ ಬೇಡ ಅಂತ ತಿಂಗಳುಗಟ್ಟಲೆ ಕೂತರಲ್ಲ, ಅದರ ಗುತ್ತಿಗೆ ಸಿಕ್ಕಿದ್ದು ಕರ್ನಾಟಕದ ಒಂದು ಕಂಪನಿಗೆ. ಆಗ ನಮ್ಮ ರಾಜ್ಯದಲ್ಲಿ ಯಾರಾದರೂ ಅವರಿಗೋಸ್ಕರ ಬಾಗಿಲು ಬಡಿಯಬೇಕಿತ್ತು. ಇವುಗಳ ಹೆಸರೂ ನಮ್ಮ ಬೋರ್ಡುಗಳ ಮೇಲಿರುತ್ತದೆ.

ಒಂದು ಸಲ ಹೂವಿನ ವ್ಯಾಪಾರದ ಹೆಂಗಸೊಬ್ಬರು ಬುಟ್ಟಿ ಇಳಿಸಿ, "ಅಕ್ಕಾ, ಆ ಮೀನು ಹಿಡಿಯೋರಿಗೆ ಕಂಪನಿಯೋರು ಏನು ಕೊಟ್ರು?" ಅಂದರು. ನಾನು ಬೋಡೊ ಊರಿನ ಕಥೆ ಹೇಳಿದೆ. ಒಗೋನಿ ನೆಲದ ಆ ಊರಲ್ಲಿ 2008ರಲ್ಲಿ ಶೆಲ್‌ನ ಪೈಪು ಎರಡು ಸಲ ಒಡೆದು, ವಾರಗಟ್ಟಲೆ ಎಣ್ಣೆ ಹರಿದು ಮ್ಯಾಂಗ್ರೋವ್ ಕಾಡೂ ಮೀನೂ ಸತ್ತವು. ಮೊದಲು ಕಂಪನಿ ಕೊಡುತ್ತೇನೆ ಅಂದದ್ದು ಸುಮಾರು 3,500 ಪೌಂಡ್, ಜೊತೆಗೆ 50 ಮೂಟೆ ಅಕ್ಕಿ, 50 ಮೂಟೆ ಹುರುಳಿಕಾಯಿ ಬೀಜ, ಒಂದಷ್ಟು ಸಕ್ಕರೆ, ಟೊಮ್ಯಾಟೊ. ಇಡೀ ಊರಿಗೆ! ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಗೂ ಆಲಿಕಲ್ಲು ಮಳೆಗೆ ತೋಟ ಹೋದಾಗ ಹಂಗೇ ಬಂದಿತ್ತು ಚೆಕ್ಕು. ಬ್ಯಾಂಕಿಗೆ ಹೋಗಿಬರೋ ಖರ್ಚಿಗೂ ಸಾಲ್ಲಿಲ್ಲ" ಅಂದರು. ಬೋಡೊ ಜನ ಅದನ್ನು ಒಪ್ಪಲಿಲ್ಲ, ಲಂಡನ್ ಕೋರ್ಟಿಗೆ ಹೋದರು. 2015ರಲ್ಲಿ ಶೆಲ್ 5.5 ಕೋಟಿ ಪೌಂಡ್ ಕೊಡಲು ಒಪ್ಪಿತು, 15,600 ಮೀನುಗಾರರು ಮತ್ತು ರೈತರಿಗೆ ಪಾಲು ಸಿಕ್ಕಿತು. ಅಷ್ಟು ಹೇಳಿದ ಮೇಲೆ ಆಕೆ ಒಂದು ಮೊಳ ಸೇವಂತಿಗೆ ಕತ್ತರಿಸಿ ಸಾರೊ-ವಿವಾ ಅವರ ಫೋಟೊಗೆ ಇಟ್ಟು ಹೋದರು. ದುಡ್ಡು ತಗೊಳ್ಳಲಿಲ್ಲ.

ಇದರಿಂದ ಏನಾಯ್ತು ಅಂತ ಕೇಳುವವರಿಗೆ ನನ್ನ ಉತ್ತರ ಇದೇ: 50 ಮೂಟೆ ಅಕ್ಕಿ 5.5 ಕೋಟಿ ಪೌಂಡ್ ಆಯಿತು. ವಕೀಲರಿಂದ ಆಯಿತು, ನಿಜ. ಆದರೆ ಬೋಡೊ ಅನ್ನುವ ಹೆಸರು ಲಂಡನ್ನಿನಲ್ಲಿ ಯಾರಿಗಾದರೂ ಗೊತ್ತಿದ್ದರೆ, ಅದಕ್ಕೆ ಮುಂಚೆ ವರ್ಷಗಟ್ಟಲೆ ಬೀದಿಯಲ್ಲಿ ನಿಂತವರೂ ಕಾರಣ. ಎಲ್ಲ ತಪ್ಪೂ ಶೆಲ್‌ನದೇ ಅಂತ ನಾನು ಹೇಳುವುದಿಲ್ಲ. ಪೈಪು ಕೊರೆದು ಎಣ್ಣೆ ಕದಿಯುವವರಿದ್ದಾರೆ. ವಿಶ್ವಸಂಸ್ಥೆಯ ಪರಿಸರ ವಿಭಾಗದ 2011ರ ವರದಿಯಲ್ಲಿ ಓಗಲೆ ಊರಿನ ಬಾವಿಗಳ ವಿಷಯ ಬರುತ್ತದೆ. ಕ್ಯಾನ್ಸರ್ ತರುವ ಬೆಂಜೀನ್ ಅಲ್ಲಿನ ಕುಡಿಯುವ ನೀರಿನಲ್ಲಿ ಮಿತಿಗಿಂತ 900 ಪಟ್ಟು ಹೆಚ್ಚಿತ್ತು. ಆ ಬಾವಿಗಳ ಹತ್ತಿರದ ಪೈಪು ನೈಜೀರಿಯಾದ ಸರ್ಕಾರಿ ಕಂಪನಿಯದು. ಒಗೋನಿ ನೆಲ, ನೀರು ಸರಿಹೋಗಲು 25ರಿಂದ 30 ವರ್ಷ ಬೇಕು ಅಂತಲೂ ಅದೇ ವರದಿ ಹೇಳಿತ್ತು.

ಆ 30 ವರ್ಷದ ಲೆಕ್ಕ ಇನ್ನೂ ಮುಗಿದಿಲ್ಲ. ಅಷ್ಟರಲ್ಲಿ 2025ರ ಮಾರ್ಚ್‌ನಲ್ಲಿ ಶೆಲ್ ಬೋಡೊ ಪೈಪುಗಳಿದ್ದ ತನ್ನ ನೈಜೀರಿಯಾ ಕಂಪನಿಯನ್ನು ಬೇರೆ ಕಂಪನಿಗಳ ಒಂದು ಕೂಟಕ್ಕೆ ಮಾರಿ ಮುಗಿಸಿದೆ. ಓಗಲೆ ಮತ್ತು ಬಿಲ್ಲೆ ಊರಿನವರು ಶೆಲ್ ಮೇಲೆ ಹಾಕಿದ ಕೇಸು ಲಂಡನ್ನಿನಲ್ಲಿ ಇನ್ನೂ ನಡೆಯುತ್ತಿದೆ. ಹಾಗಾಗಿ ಈ ಸಲದ ಬೋರ್ಡಿನ ಮೇಲೆ ಒಂದೇ ಸಾಲು ಬರೆಸುತ್ತಿದ್ದೇವೆ: "ಮಾರಿ ಹೋದರೆ ಚೆಲ್ಲಿದ ಎಣ್ಣೆ ಬಳಿಯುವವರು ಯಾರು?"