ಕೇಂಬ್ರಿಡ್ಜಿನ ಡಿಸೆಂಬರ್ ಮತ್ತು ಮುಖ್ಯಗಾಯಕರಿಲ್ಲದ ಸಂಗೀತ

ಇಂಗ್ಲೆಂಡಿನಲ್ಲಿ ಡಿಸೆಂಬರ್ ಬಂತೆಂದರೆ ಸಂಜೆ ನಾಲ್ಕು ಗಂಟೆಗೆ ಮೊದಲೇ ಸೂರ್ಯ ಮುಳುಗುತ್ತದೆ. ನಾನಿರುವ ಕೇಂಬ್ರಿಡ್ಜಿನಲ್ಲಿ ಆ ಹೊತ್ತಿಗೆ ಪೇಟೆಯ ದೀಪಗಳೆಲ್ಲ ಹೊತ್ತಿಕೊಂಡು, ಪ್ರತಿ ಅಂಗಡಿಯಿಂದಲೂ ಅವೇ ಹತ್ತಾರು ಕ್ರಿಸ್ಮಸ್ ಹಾಡುಗಳು ಕೇಳಿಬರುತ್ತವೆ. ಊರಿನಿಂದ ಫೋನ್ ಮಾಡುವವರು ಕೇಳುವುದೂ ಹೆಚ್ಚಾಗಿ ಈ ದೀಪ, ಹಿಮ, ಕೇಕುಗಳ ಬಗ್ಗೆಯೇ. ನನಗೆ ಹೇಳಬೇಕೆನಿಸುವುದು ಬೇರೊಂದು ಸಂಗತಿ. ಈ ಪೇಟೆಗೆ ಅಂಟಿಕೊಂಡಿರುವ ಕಾಲೇಜುಗಳ ಪ್ರಾರ್ಥನಾಮಂದಿರಗಳಾದ ಚಾಪೆಲ್‌ಗಳಲ್ಲಿ, ನಾಲ್ಕೈದು ನೂರು ವರ್ಷ ಹಳೆಯ ಲ್ಯಾಟಿನ್ ಕೃತಿಗಳನ್ನು, ಯಾವ ವಾದ್ಯದ ನೆರವೂ ಇಲ್ಲದೆ, ಒಂದು ಸಣ್ಣ ಗಾಯಕವೃಂದ ನಿಂತು ಹಾಡುತ್ತದೆ. ಕರ್ನಾಟಕ ಸಂಗೀತವನ್ನು ಕೇಳಿ ಬೆಳೆದವರಿಗೆ ಈ ದೇಶದ ಕ್ರಿಸ್ಮಸ್ಸನ್ನು ಒಳಗಿನಿಂದ ಅರಿಯಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲವೆಂದು ನನ್ನ ನಂಬಿಕೆ.

ಕೇಂಬ್ರಿಡ್ಜ್ ಎಂದೊಡನೆ ಎಲ್ಲರೂ ನೆನೆಯುವುದು ಕಿಂಗ್ಸ್ ಕಾಲೇಜಿನ ಚಾಪೆಲ್‌ನಲ್ಲಿ ಡಿಸೆಂಬರ್ 24ರಂದು ನಡೆಯುವ ಬೈಬಲಿನ ಒಂಬತ್ತು ಪಾಠಗಳ ಮತ್ತು ಕ್ಯಾರಲ್ ಎಂಬ ಕ್ರಿಸ್ಮಸ್ ಹಾಡುಗಳ ಪ್ರಾರ್ಥನೆಯನ್ನು. ಅದು ಇಲ್ಲಿ ಆರಂಭವಾದದ್ದು 1918ರಲ್ಲಿ. ಅದರ ಮೂಲರೂಪ 1880ರಲ್ಲಿ ಟ್ರೂರೋ ಎಂಬ ಊರಿನಲ್ಲಿ ಹುಟ್ಟಿತು. 1928ರಿಂದ ರೇಡಿಯೋದಲ್ಲಿ ಪ್ರಸಾರವಾಗಿ ಅದು ಜಗತ್ತಿಗೆಲ್ಲ ಪರಿಚಿತವಾಗಿದೆ. ಅದನ್ನು ಕೇಳುವುದು ಸಂತೋಷವೇ. ಆದರೆ ಹಳೆಯ ಸಂಗೀತವನ್ನು ಸಮಾಧಾನವಾಗಿ ಕೇಳಬೇಕೆಂದರೆ ಈವನ್‌ಸಾಂಗ್ ಎಂಬ ಸಂಜೆಯ ಪ್ರಾರ್ಥನೆಗೆ ಹೋಗಬೇಕು. ಅದಕ್ಕೆ ಟಿಕೆಟ್ ಇಲ್ಲ. ಬಂದವರ ಧರ್ಮ ಯಾವುದೆಂದು ಯಾರೂ ವಿಚಾರಿಸುವುದಿಲ್ಲ. ಗಾಯಕರು ಎರಡು ಪಂಗಡಗಳಾಗಿ ಎದುರುಬದುರು ನಿಲ್ಲುತ್ತಾರೆ. ವಾದ್ಯವಿಲ್ಲದ ಕೃತಿಯಾದರೆ ನಿರ್ದೇಶಕರು ಶ್ರುತಿಕವೆಯನ್ನು ಮೆಲ್ಲನೆ ತಟ್ಟಿ ಕಿವಿಯ ಬಳಿ ಹಿಡಿದು, ತಮ್ಮ ಪಕ್ಕದವರಿಗಷ್ಟೇ ಕೇಳುವಂತೆ ಸ್ವರವನ್ನು ಗುನುಗಿ ಕೊಡುತ್ತಾರೆ. ಅಲ್ಲಿಂದ ಮುಂದೆ ತಂಬೂರಿಯಿಲ್ಲ, ಶ್ರುತಿಪೆಟ್ಟಿಗೆಯಿಲ್ಲ. ಒಬ್ಬರ ಶ್ರುತಿಯನ್ನು ಇನ್ನೊಬ್ಬರು ಕೇಳಿಸಿಕೊಂಡೇ ಇಡೀ ಕೃತಿ ನಿಲ್ಲಬೇಕು.

ನಮ್ಮ ಕಚೇರಿಯಲ್ಲಿ ಒಬ್ಬರು ಹಾಡುತ್ತಾರೆ, ಉಳಿದವರು ಅವರನ್ನು ಅನುಸರಿಸುತ್ತಾರೆ. ಇಲ್ಲಿ ಹಾಗೆ ಅನುಸರಿಸಲು ಯಾರೂ ಇಲ್ಲ. ನಾಲ್ಕು, ಐದು, ಕೆಲವೊಮ್ಮೆ ಏಳು ದನಿಗಳು ಏಕಕಾಲದಲ್ಲಿ ತಮ್ಮ ತಮ್ಮ ಸಂಚಾರದಲ್ಲಿರುತ್ತವೆ. ಪ್ರತಿಯೊಂದೂ ತನ್ನಷ್ಟಕ್ಕೆ ಪೂರ್ಣವಾದ ಹಾಡು, ಒಂದೂ ಇನ್ನೊಂದರ ಪಕ್ಕವಾದ್ಯವಲ್ಲ. ಮೊದಮೊದಲು ಕಿವಿ ಆಧಾರಕ್ಕಾಗಿ ತಡಕಾಡುವುದು ಸಹಜ. ಆ ಆಧಾರ ಬೇಕೆನ್ನುವವರು ಪ್ಯಾರಿಸ್ಸಿನ ಮಹಾಚರ್ಚು ನೋತ್ರ್ ದಾಮ್‌ನ ಪೆರೋತ್ಯಾಂ ಎಂಬ ವಾಗ್ಗೇಯಕಾರನಿಂದ ಆರಂಭಿಸುವುದು ಒಳ್ಳೆಯದು. ಕ್ರಿಸ್ಮಸ್ ದಿನದ ಪೂಜೆಗಾಗಿ ಅವನು ರಚಿಸಿದ 'ವಿದೆರುಂತ್ ಓಮ್ನೆಸ್' ನಾಲ್ಕು ದನಿಗಳ ಕೃತಿ. ಇಂಥ ನಾಲ್ಕು ದನಿಗಳ ಗಾಯನಕ್ಕೆ ಅಲ್ಲಿನ ಬಿಷಪ್ 1198ರಲ್ಲಿ ಅನುಮತಿ ನೀಡಿದ ದಾಖಲೆಯಿದೆ. ಇದರಲ್ಲಿ ಕೆಳಗಿನ ದನಿ ಹಳೆಯ ಸ್ತೋತ್ರದ ಒಂದೊಂದು ಸ್ವರವನ್ನೂ ಬಹಳ ಹೊತ್ತು ಎಳೆದು ಹಿಡಿಯುತ್ತದೆ, ಮೇಲಿನ ಮೂರು ದನಿಗಳು ಅದರ ಮೇಲೆ ಕುಣಿಯುತ್ತವೆ. 'ವಿ' ಎಂಬ ಮೊದಲ ಅಕ್ಷರವೊಂದೇ ಹೆಚ್ಚುಕಡಿಮೆ ಒಂದು ನಿಮಿಷ ನಿಲ್ಲುತ್ತದೆ. ಆಧಾರಶ್ರುತಿಗೆ ಒಗ್ಗಿದ ನಮ್ಮ ಕಿವಿಗೆ ಅದು ಕೂಡಲೇ ಹತ್ತಿರವಾಗುತ್ತದೆ. ಆ ಶ್ರುತಿ ಇದ್ದಕ್ಕಿದ್ದಂತೆ ಬೇರೆ ಸ್ವರಕ್ಕೆ ಸರಿದಾಗ ಆಗುವ ಬೆರಗು ಕೂಡ ನಮಗೇ ಹೆಚ್ಚು.

ನನಗೆ ಅತ್ಯಂತ ಪ್ರಿಯವಾದದ್ದು ಸ್ಪೇನಿನ ತೊಮಾಸ್ ಲೂಯಿಸ್ ದೆ ವಿಕ್ತೋರಿಯಾ 1572ರಲ್ಲಿ ಪ್ರಕಟಿಸಿದ 'ಓ ಮಾಗ್ನುಮ್ ಮಿಸ್ತೇರಿಯುಮ್'. ಹುಟ್ಟಿದ ದೇವರು ಗೋದಲಿಯಲ್ಲಿ ಮಲಗಿರುವುದನ್ನು ದನಕರುಗಳು ನೋಡುವಂತಾದುದು ಎಂಥ ಮಹಾ ರಹಸ್ಯ ಎಂಬುದೇ ಅದರ ಸಾಹಿತ್ಯದ ತಿರುಳು. ಅತಿ ಎತ್ತರದ ದನಿ ಒಂಟಿಯಾಗಿ ಆರಂಭಿಸುತ್ತದೆ: ಪಂಚಮದಿಂದ ಷಡ್ಜಕ್ಕೆ ಇಳಿದು, ಮರಳಿ ಪಂಚಮಕ್ಕೇರಿ, ಶುದ್ಧ ಧೈವತವನ್ನು ಮುಟ್ಟಿ, ಮತ್ತೆ ಪಂಚಮದಲ್ಲಿ ನಿಲ್ಲುತ್ತದೆ. ಅದು ಮುಗಿಯುವ ಮೊದಲೇ ಎರಡನೆಯ ದನಿಯಾದ ಆಲ್ಟೊ ಅದೇ ಮಾತನ್ನು ತನ್ನ ಸ್ಥಾಯಿಯಲ್ಲಿ ಎತ್ತಿಕೊಳ್ಳುತ್ತದೆ. ಆಮೇಲೆ ಗಂಡಸರ ಎತ್ತರದ ದನಿಯಾದ ಟೆನರ್, ಎಲ್ಲಕ್ಕಿಂತ ಕೆಳಗಿನ ದನಿಯಾದ ಬಾಸ್. ಆ ಧೈವತದ ಅರೆಸ್ವರದ ನೋವು ಒಂದರ ನಂತರ ಒಂದು ದನಿಯಲ್ಲಿ ಸುಳಿಯುವಾಗ, ಕ್ರಿಸ್ಮಸ್ ಎಂದರೆ ಬರೀ ಸಂಭ್ರಮವೆಂದುಕೊಂಡಿದ್ದವರಿಗೆ ಈ ಹಬ್ಬದ ಇನ್ನೊಂದು ಮುಖ ಕಾಣುತ್ತದೆ. 'ಓ ಬೆಯಾತಾ ವಿರ್ಗೋ' ಎಂದು ಕನ್ಯೆ ಮರಿಯಳನ್ನು ಸಂಬೋಧಿಸುವ ಕಡೆ ಎಲ್ಲ ದನಿಗಳೂ ಒಟ್ಟಿಗೆ ಒಂದೇ ಅಕ್ಷರವನ್ನು ನುಡಿಯುತ್ತವೆ. ಅಲ್ಲಿಯವರೆಗಿನ ಹೆಣಿಗೆಯ ನಂತರ ಆ ಒಮ್ಮತ ಎದೆಯನ್ನೇ ತಟ್ಟುತ್ತದೆ. ಕೊನೆಯ 'ಅಲ್ಲೆಲೂಯಾ' ಮೂರರ ನಡೆಗೆ ತಿರುಗುತ್ತದೆ.

ಲೆಕ್ಕಾಚಾರವನ್ನು ಇಷ್ಟಪಡುವವರಿಗೆ ಇಂಗ್ಲೆಂಡಿನ ವಾಗ್ಗೇಯಕಾರ ಥಾಮಸ್ ಟ್ಯಾಲಿಸ್‌ನ 'ಪೂಯೆರ್ ನಾತುಸ್' ಎಂಬ ಏಳು ದನಿಗಳ ಕೃತಿಯಿದೆ. ರಾಣಿ ಮೇರಿಯ ಕಾಲದಲ್ಲಿ, 1554ರ ಕ್ರಿಸ್ಮಸ್ಸಿಗಾಗಿ ಅದು ರಚಿತವಾಗಿರಬೇಕೆಂದು ಹಲವು ವಿದ್ವಾಂಸರ ಊಹೆ. ಕ್ರಿಸ್ಮಸ್ ಬೆಳಗಿನ ಹಳೆಯ ಸ್ತೋತ್ರವೊಂದು ಇದರ ಟೆನರ್ ದನಿಯಲ್ಲಿ ನಿಧಾನವಾಗಿ ಸಾಗುತ್ತದೆ. ಒಂದು ಕಡೆ ಆ ಸ್ವರಗಳ ಕಾಲಪ್ರಮಾಣವನ್ನು ಸಾಹಿತ್ಯದ ಸ್ವರಾಕ್ಷರಗಳೇ ನಿರ್ಧರಿಸುತ್ತವೆ: 'ಅ'ಗೆ 1, 'ಎ'ಗೆ 2, 'ಇ'ಗೆ 3, 'ಒ'ಗೆ 4, 'ಉ'ಗೆ 5. ಮೇಳಕರ್ತ ರಾಗಗಳ ಹೆಸರಿನಲ್ಲಿ, ಅಕ್ಷರಗಳಿಂದಲೇ ಅಂಕಿ ಸೂಚಿಸುವ ಕಟಪಯಾದಿ ಸಂಖ್ಯೆಯನ್ನು ಹುದುಗಿಸಿದ ನಮ್ಮವರು ಇದನ್ನು ಕಂಡಿದ್ದರೆ ಮೆಚ್ಚುತ್ತಿದ್ದರು.

ಟ್ಯಾಲಿಸ್‌ನ ಕಿರಿಯ ಸಹೋದ್ಯೋಗಿ ವಿಲಿಯಂ ಬರ್ಡ್‌ನ ಕಥೆ ಮಾತ್ರ ಬೇರೆಯೇ. ಅವನು ರಾಜಾಸ್ಥಾನದ ಚಾಪೆಲ್‌ನ ಸಂಗೀತಗಾರ, ಆದರೆ ಮನಸಾರೆ ಕ್ಯಾಥೊಲಿಕ್. ಆಗ ಇಂಗ್ಲೆಂಡಿನಲ್ಲಿ ಕ್ಯಾಥೊಲಿಕ್ ಪೂಜೆ ಕಾನೂನುಬಾಹಿರವಾಗಿತ್ತು. ರಾಜ್ಯದ ಚರ್ಚಿಗೆ ಹೋಗದವರು ದಂಡ ತೆರಬೇಕಾಗಿತ್ತು. ಆದರೂ ಬರ್ಡ್ ವರ್ಷದ ಹಬ್ಬಗಳಿಗೆಲ್ಲ ಬೇಕಾದ ಲ್ಯಾಟಿನ್ ಕೃತಿಗಳನ್ನು ರಚಿಸಿ 'ಗ್ರಾದುವಾಲಿಯಾ' ಎಂಬ ಹೆಸರಿನಲ್ಲಿ 1605 ಮತ್ತು 1607ರಲ್ಲಿ ಅಚ್ಚು ಹಾಕಿಸಿದ. 1605ರಲ್ಲಿ ಈ ಪುಸ್ತಕ ಕೈಯಲ್ಲಿದ್ದ ಕಾರಣಕ್ಕೆ ಒಬ್ಬ ಫ್ರೆಂಚ್ ಪ್ರಯಾಣಿಕನನ್ನು ಲಂಡನ್ನಿನಲ್ಲಿ ಸೆರೆಮನೆಗೆ ತಳ್ಳಲಾಯಿತು. ಕ್ರಿಸ್ಮಸ್ಸಿನ ಕೃತಿಗಳು ಎರಡನೆಯ ಸಂಪುಟದಲ್ಲಿವೆ, ಎಲ್ಲವೂ ನಾಲ್ಕೇ ದನಿಗಳಿಗೆ ಬರೆದವು. ಎಸೆಕ್ಸ್ ಪ್ರಾಂತ್ಯದ ಶ್ರೀಮಂತ ಕ್ಯಾಥೊಲಿಕ್ ಮನೆಗಳ ಒಳಕೋಣೆಯಲ್ಲಿ, ನೆಚ್ಚಿನ ಕೆಲವೇ ಜನ ಸೇರಿ ಹಾಡಲು ಅಷ್ಟೇ ಸಾಧ್ಯವಿತ್ತು. ಆದ್ದರಿಂದಲೇ ಬರ್ಡ್‌ನನ್ನು ದೊಡ್ಡ ಗಾಯಕವೃಂದ ಭವ್ಯವಾಗಿ ಹಾಡಿದಾಗ ನನಗೆ ಅಷ್ಟು ರುಚಿಸುವುದಿಲ್ಲ. ದನಿಗೊಬ್ಬರಂತೆ ನಾಲ್ಕು ಜನ, ಮೈಕಿಲ್ಲದೆ ಸಣ್ಣ ಚಾಪೆಲ್‌ನಲ್ಲಿ ಹಾಡಿದಾಗಲೇ ಅದರ ಗುಟ್ಟಿನ ಆನಂದ ತಿಳಿಯುತ್ತದೆ.

ಇಂಗ್ಲಿಷ್ ಕ್ಯಾರಲ್‌ಗಳ ಬಗ್ಗೆಯೂ ಒಂದು ಮಾತು. ಮಧ್ಯಯುಗದ ಕ್ಯಾರಲ್ ನಮ್ಮ ಕೀರ್ತನೆಯಂತೆ ಪಲ್ಲವಿ ಮತ್ತು ಚರಣಗಳಿಂದ ಕೂಡಿದ್ದು, ಪ್ರತಿ ಚರಣದ ನಂತರ ಪಲ್ಲವಿ ಮರಳಿ ಬರುತ್ತಿತ್ತು. ಹದಿನೈದನೆಯ ಶತಮಾನದ ಆರಂಭದ ಅಂಥ ಕ್ಯಾರಲ್‌ಗಳನ್ನು ಬರೆದಿಟ್ಟ ಚರ್ಮದ ಸುರುಳಿಯೊಂದು ಇದೇ ಊರಿನ ಟ್ರಿನಿಟಿ ಕಾಲೇಜಿನ ಗ್ರಂಥಾಲಯದಲ್ಲಿದೆ. ಮರಿಯಳನ್ನು ಗುಲಾಬಿಯೆಂದು ಹೊಗಳುವ 'ದೇರ್ ಈಸ್ ನೋ ರೋಸ್' ನಮಗೆ ಉಳಿದು ಬಂದಿರುವುದು ಅದರಿಂದ.

ಇಂಗ್ಲೆಂಡಿಗೆ ಬರದೆಯೂ ಇದನ್ನೆಲ್ಲ ಕೇಳಬಹುದು. 1973ರಲ್ಲಿ ಆರಂಭವಾದ ಟ್ಯಾಲಿಸ್ ಸ್ಕಾಲರ್ಸ್, 1979ರಲ್ಲಿ ಆರಂಭವಾದ ದಿ ಸಿಕ್ಸ್‌ಟೀನ್ ತಂಡಗಳ ಧ್ವನಿಮುದ್ರಣಗಳು ಅಂತರ್ಜಾಲದಲ್ಲಿ ಸುಲಭವಾಗಿ ಸಿಗುತ್ತವೆ. ಮನೆಯವರೆಲ್ಲ ಮಲಗಿದ ಮೇಲೆ, ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು, ವಿಕ್ತೋರಿಯಾನ ಆ ನಾಲ್ಕು ನಿಮಿಷಗಳ ಕೃತಿಯನ್ನೇ ಮತ್ತೆ ಮತ್ತೆ ಕೇಳಿರಿ. ಮೊದಲ ಸಲ ಸುಮ್ಮನೆ ಒಟ್ಟಂದವನ್ನು ಸವಿಯಿರಿ. ಎರಡನೆಯ ಸಲ ಮೇಲಿನ ದನಿಯ ಜೊತೆಗೇ ಸಾಗಿರಿ. ಆನಂತರ ಒಳಗಿನ ದನಿಗಳಲ್ಲಿ ಒಂದನ್ನು, ಟೆನರನ್ನೋ ಆಲ್ಟೊವನ್ನೋ, ಆರಿಸಿಕೊಂಡು, ಉಳಿದವು ಎಷ್ಟೇ ಸೆಳೆದರೂ ಅದನ್ನು ಬಿಡದೆ ಕೊನೆಯವರೆಗೆ ಹಿಂಬಾಲಿಸಿರಿ.