ಗೆಜ್ಜೆ ಬಿಚ್ಚಿದ ಮೇಲೆ ಬಾರ್ಬೆಲ್

ಪತ್ತನಾಜೆ, ಅಂದ್ರೆ ಮೇ ಕೊನೆಗೆ ಯಕ್ಷಗಾನ ಮೇಳಗಳ ತಿರುಗಾಟ ಮುಗಿಯುವ ದಿನ, ಕಳೆದು ಮೂರು ವಾರ ಆಯ್ತು. ಮೇಳಗಳು ಗೆಜ್ಜೆ ಬಿಚ್ಚಿದವು, ನಮ್ಮ ಹವ್ಯಾಸಿ ತಂಡದ ಪೆಟ್ಟಿಗೆಯೂ ಅಟ್ಟಕ್ಕೆ ಹೋಯ್ತು, ತೋಟಕ್ಕೆ ಒಂದು ಸುತ್ತು ಮದ್ದು ಬಿಟ್ಟಾಯ್ತು, ಈಗ ಕಾಸರಗೋಡಿನ ನಮ್ಮ ನೀರ್ಚಾಲಿನಲ್ಲಿ ಹಗಲೂ ರಾತ್ರಿ ಮಳೆ. ನಂಗೆ ವರ್ಷದಲ್ಲಿ ತುಂಬ ಇಷ್ಟದ ಸಮಯ ಇದು, ಯಾಕಂದ್ರೆ ದೀಪಾವಳಿ ಹತ್ತಿರ ಬರುವವರೆಗೆ ನೆಮ್ಮದಿಯಲ್ಲಿ ಭಾರ ಎತ್ಲಿಕ್ಕೆ ಸಿಗ್ತದೆ. ಕಳೆದ ಸೀಸನ್ನಲ್ಲಿ ನನ್ನ ವೇಷ ನೋಡಿದ ಎರಡು ಮೂರು ಹುಡುಗರು "ಅಣ್ಣ, ನೀವು ಓಡುದಾ, ಜಿಮ್ಮಿಗೆ ಹೋಗುದಾ, ಎಂತ ಮಾಡುದು ಸರಿಯಾಗಿ ಹೇಳಿ" ಅಂತ ಕೇಳಿದ್ರು. ವೇಷ ಕಟ್ಟುವ ಚೌಕಿಯಲ್ಲಿ ಬಣ್ಣ ತೆಗೀತಾ ಹೇಳಿ ಮುಗಿಸುವ ವಿಷಯ ಅಲ್ಲ ಅದು, ಹಾಗಾಗಿ ಇಲ್ಲಿ ಬರೀತಿದ್ದೇನೆ.

ನಾನು ಹಾಕುದು ಪುಂಡುವೇಷ. ತೆಂಕುತಿಟ್ಟು, ಅಂದ್ರೆ ನಮ್ಮ ದಕ್ಷಿಣದ ಕಡೆಯ ಯಕ್ಷಗಾನ, ಅಷ್ಟು ನೋಡದವರಿಗೆ ಹೇಳುದಾದ್ರೆ, ಅಭಿಮನ್ಯು, ಬಬ್ರುವಾಹನ ಅಂಥ ಎಳೆ ಪ್ರಾಯದ ವೀರರ ವೇಷ. ಚೆಂಡೆ ಏರಿದ ಹಾಗೆ ರಂಗಸ್ಥಳದ ಸುತ್ತ ಹಾರಿ ಹಾರಿ ತಿರುಗುವ ದಿಗಿಣ ಉಂಟಲ್ಲ, ಅದು ಈ ವೇಷದ ಜೀವ. ಜನ ಚಪ್ಪಾಳೆ ಹೊಡೆಯುದು ಅದಕ್ಕೆ. ಆದ್ರೆ ಕಷ್ಟ ಇರುದು ಅದರ ನಂತರ, ಚೆಂಡೆ ನಿಂತ ಕೂಡ್ಲೇ ಅರ್ಥ, ಅಂದ್ರೆ ಪಾತ್ರದ ಮಾತು, ಹೇಳ್ಲಿಕ್ಕುಂಟು, ಪದ ಹಾಡುವ ಭಾಗವತರು ತಾಳ ಇಟ್ಟು ನಿಮ್ಮ ಮುಖ ನೋಡ್ತಾರೆ, ಎದುರು ದ್ರೋಣನ ವೇಷದವರು ಕಾಯ್ತಾ ನಿಂತಿರ್ತಾರೆ. ಹಾರ್ಲಿಕ್ಕೆ ಬೇಕಾದ್ದು ಕಾಲಿನ ಶಕ್ತಿ, ಮಾತಾಡ್ಲಿಕ್ಕೆ ಬೇಕಾದ್ದು ಉಸಿರು, ಎರಡರ ಮಧ್ಯ ನಾಲ್ಕು ಸೆಕೆಂಡು ಕೂಡ ಸಿಗುದಿಲ್ಲ. ನಂಗೆ ನಾಟ್ಯ ಹೇಳಿಕೊಟ್ಟ ಮಾಸ್ಟ್ರು ಒಂದೇ ಮಾತು ಹೇಳ್ತಿದ್ರು, "ಪದ ಮುಗಿದ ಮೇಲೆ ಸಭೆಗೆ ಮಾತು ಕೇಳ್ಬೇಕು, ಉಸಿರು ಕೇಳ್ಬಾರ್ದು."

ನಾನು ಎರಡು ಸೀಸನ್ ಇದರಲ್ಲಿ ಎಡವಿದ್ದೇನೆ, ಎರಡು ಬೇರೆ ಬೇರೆ ರೀತಿಯಲ್ಲಿ.

ಮೊದಲ ಸಲ ಬರೀ ವೆಯ್ಟ್ಸ್. ಬದಿಯಡ್ಕದಲ್ಲಿ ಜಿಮ್ಮಿಗೆ ಸೇರಿದ ಹೊಸತು, ವಾರಕ್ಕೆ ಐದು ದಿನ ಹೋಗ್ತಿದ್ದೆ, ಭಾರ ಹೆಗಲಲ್ಲಿ ಹೊತ್ತು ಕೂತು ಏಳುವ ಸ್ಕ್ವಾಟ್ 100 ಕೆಜಿ ಐದು ಸಲ ಆಗುವಲ್ಲಿಗೆ ಮುಟ್ಟಿತು, ಓಟ ಅಂತ ಇರ್ಲೇ ಇಲ್ಲ, ನಾಟ್ಯದ ಪ್ರಾಕ್ಟೀಸ್ ಆಟಕ್ಕೆ, ಅಂದ್ರೆ ಪ್ರದರ್ಶನಕ್ಕೆ, ಎರಡು ದಿನ ಮೊದಲು ಮಾತ್ರ. ದಿಗಿಣ ಎತ್ತರಕ್ಕೆ ಹೋಯ್ತು, ನಿಜ. ಆದ್ರೆ ಇಳಿದು ನಿಂತಾಗ ಎದೆ ಏರಿ ಇಳಿದು, ಮೊದಲ ವಾಕ್ಯ ಅರ್ಧಕ್ಕೆ ತುಂಡಾಯ್ತು. ಎದುರಿನವರು ಹಿರಿಯರು, ತಾವೇ ಮಾತು ತಗೊಂಡು ನಂಗೆ ಸುಧಾರಿಸ್ಲಿಕ್ಕೆ ಸಮಯ ಕೊಟ್ರು, ಆ ಉಪಕಾರ ಈಗ್ಲೂ ನೆನಪುಂಟು.

ಮರುವರ್ಷ ಅದರ ಉಲ್ಟ. ದಿನಾ ಬೆಳಿಗ್ಗೆ ಓಟ, ಎಂಟು ಕಿಲೋಮೀಟರ್, ಹತ್ತು ಕಿಲೋಮೀಟರ್, ನೀರ್ಚಾಲಿನಿಂದ ಸೀತಾಂಗೋಳಿ ಕಡೆಗೆ ಹೋಗಿ ವಾಪಸ್ಸು, ಡಾಂಬರಿನಲ್ಲಿಯೇ. ಜಿಮ್ಮಿಗೆ ಹೋದ್ರೂ ಓಡಿ ಬಂದ ಕಾಲಿನಲ್ಲಿ ಹೋಗುದು. ಉಸಿರು ಒಳ್ಳೆದಾಯ್ತು, ಅರ್ಥ ಒಂದೂ ತುಂಡಾಗ್ಲಿಲ್ಲ, ಆದ್ರೆ ಫೆಬ್ರವರಿ ಬರುವಾಗ ಸ್ಕ್ವಾಟ್ 80ಕ್ಕೆ ಇಳಿದಿತ್ತು, ಮೊಣಗಂಟು ನೋವು ಶುರುವಾಗಿತ್ತು, ದಿಗಿಣ ನೆಲ ಬಿಟ್ಟು ಏಳುದೇ ಇಲ್ಲ. ವಿಡಿಯೋ ನೋಡಿದ್ರೆ ಎರಡು ವರ್ಷದ ವೇಷ ಬೇರೆ ಬೇರೆ ಜನ ಹಾಕಿದ ಹಾಗೆ ಕಾಣ್ತದೆ.

ಇದು ನನ್ನೊಬ್ಬನ ಕಥೆ ಅಲ್ಲ ಅಂತ ಆಮೇಲೆ ಓದಿ ಗೊತ್ತಾಯ್ತು. ರಾಬರ್ಟ್ ಹಿಕ್ಸನ್ ಅಂತ ಅಮೆರಿಕದ ಒಬ್ಬರು ಸಂಶೋಧಕರು 1980ರಲ್ಲಿ ಇದನ್ನೇ ಪರೀಕ್ಷೆ ಮಾಡಿ ಪ್ರಕಟಿಸಿದ್ರು. ಒಂದು ಗುಂಪಿಗೆ ವಾರಕ್ಕೆ ಐದು ದಿನ ಭಾರ, ಇನ್ನೊಂದಕ್ಕೆ ಆರು ದಿನ ಓಟ ಸೈಕಲ್, ಮೂರನೆಯದಕ್ಕೆ ಎರಡೂ ಪೂರ್ತಿ, ಹತ್ತು ವಾರ. ಎರಡೂ ಮಾಡಿದವರ ಶಕ್ತಿ ಏಳೆಂಟು ವಾರದವರೆಗೆ ಏರಿತು, ಮತ್ತೆ ನಿಂತಿತು, ಕೊನೆಯ ಎರಡು ವಾರದಲ್ಲಿ ಇಳಿಯಿತು. ಅವರ ಉಸಿರಿನ ಸಾಮರ್ಥ್ಯಕ್ಕೆ ಮಾತ್ರ ಎಂತದೂ ಆಗ್ಲಿಲ್ಲ, ಬರೀ ಓಡಿದವರಷ್ಟೇ ಏರಿತು. ಅಂದ್ರೆ ಪೆಟ್ಟು ಬೀಳುದು ಒಂದು ಕಡೆಗೆ, ಓಟ ಭಾರದ್ದನ್ನು ತಿಂತದೆ. ಅಲ್ಲಿಂದ ಶುರುವಾದ ಹೆದರಿಕೆ ಜಿಮ್ಮುಗಳಲ್ಲಿ ಇವತ್ತಿಗೂ ಉಂಟು, ಕಾರ್ಡಿಯೋ ಮಾಡಿದ್ರೆ ಮಸಲ್ ಹೋಗ್ತದೆ ಅಂತ.

ಆದ್ರೆ ಆ ಲೆಕ್ಕವನ್ನು ಸ್ವಲ್ಪ ನಿಂತು ನೋಡ್ಬೇಕು. ಐದು ಮತ್ತು ಆರು ಸೇರಿ ವಾರಕ್ಕೆ ಹನ್ನೊಂದು ಸೆಷನ್! ಕೆಲಸಕ್ಕೆ ಹೋಗುವ, ತೋಟ ನೋಡುವ, ರಾತ್ರಿ ಆಟ ಇರುವ ಯಾವ ಮನುಷ್ಯನೂ ಅಷ್ಟು ಮಾಡುದಿಲ್ಲ. 2012ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ ಓಟದಿಂದ ಶಕ್ತಿಗೂ ಸ್ನಾಯು ಬೆಳೆಯುದಕ್ಕೂ ತೊಂದ್ರೆ ಕಂಡಿತು, ಸೈಕಲಿನಿಂದ ಹಾಗೆ ಕಾಣ್ಲಿಲ್ಲ. 2022ರಲ್ಲಿ ಇನ್ನೂ ದೊಡ್ಡ ಲೆಕ್ಕ ಬಂತು, ಅದರಲ್ಲಿ ಸ್ನಾಯುವಿಗೂ ಗರಿಷ್ಠ ಶಕ್ತಿಗೂ ಹೇಳುವಂಥ ನಷ್ಟ ಇಲ್ಲ, ನಷ್ಟ ಕಂಡದ್ದು ಸ್ಫೋಟಕ ಶಕ್ತಿಗೆ, ಅದೂ ಎರಡನ್ನೂ ಒಂದೇ ಸೆಷನ್ನಿನಲ್ಲಿ ಮಾಡಿದ್ರೆ, ನಡುವೆ ಕನಿಷ್ಠ ಮೂರು ಗಂಟೆ ಬಿಟ್ರೆ ಅದೂ ಕಾಣುದಿಲ್ಲ. ಇದನ್ನು ಓದಿದ ದಿನ ನಾನು ಕುರ್ಚಿಯಿಂದ ಎದ್ದು ಜಗಲಿಯಲ್ಲಿ ಎರಡು ಸುತ್ತು ನಡೆದೆ. ಸ್ಫೋಟಕ ಶಕ್ತಿ ಅಂದ್ರೆ ಎಂತ, ನೆಲಕ್ಕೆ ಕಾಲು ತಾಗಿದ ಕ್ಷಣದಲ್ಲಿ ಪುನಃ ಮೇಲೆ ಚಿಮ್ಮುದು, ದಿಗಿಣವೇ ಅದು! ನಾನು ಓಡಿ ಬಂದು ಅದೇ ಕಾಲಿನಲ್ಲಿ ಸ್ಕ್ವಾಟ್ ಮಾಡಿ ನಂಗೆ ಬೇಕಾದ್ದನ್ನೇ ಸರಿಯಾಗಿ ಆರಿಸಿ ಕಳಕೊಂಡಿದ್ದೆ.

ಜಿಮ್ಮಿನ ಟ್ರೈನರ್ ಚೇಟನಿಗೆ ಈ ಅಧ್ಯಯನ ಯಾವುದೂ ಗೊತ್ತಿರ್ಲಿಲ್ಲ, ಆದ್ರೆ ಅವರು ಮೊದಲ ದಿನದಿಂದ ಮಲಯಾಳದಲ್ಲಿ ಹೇಳ್ತಿದ್ದದ್ದು ಇದಕ್ಕೆ ಹತ್ತಿರದ್ದೇ, "ಆದ್ಯಂ ವೆಯ್ಟ್, ಪಿನ್ನೆ ಓಟ್ಟಂ", ಮೊದಲು ವೆಯ್ಟ್, ಆಮೇಲೆ ಓಟ ಅಂತ. ಒಂದೇ ದಿನ ಎರಡೂ ಮಾಡ್ಲಿಕ್ಕಿದ್ರೆ ಈ ಕ್ರಮ. ಆಗುದಾದ್ರೆ ಬೆಳಿಗ್ಗೆ ಒಂದು, ಸಂಜೆ ಒಂದು. ಇನ್ನೂ ಒಳ್ಳೆದು ಅಂದ್ರೆ ಬೇರೆ ಬೇರೆ ದಿನ.

ನನ್ನ ದೊಡ್ಡ ಬದಲಾವಣೆ ಇದಕ್ಕಿಂತ ಬೇರೆ, ಅದು ವಾರದ ಲೆಕ್ಕ ಬಿಟ್ಟು ವರ್ಷದ ಲೆಕ್ಕ ಹಿಡಿದದ್ದು. ನಮ್ಮ ಊರಿನಲ್ಲಿ ಆಟ ನವೆಂಬರಿನಿಂದ ಪತ್ತನಾಜೆವರೆಗೆ, ಮಳೆಗಾಲದಲ್ಲಿ ವೇಷ ಇಲ್ಲದೆ ಕೂತು ಮಾಡುವ ತಾಳಮದ್ದಳೆ. ವರ್ಷ ತಾನಾಗಿಯೇ ಎರಡು ಪಾಲಾಗಿ ಉಂಟು, ನಾನು ಮಾತ್ರ ಹನ್ನೆರಡು ತಿಂಗಳೂ ಎರಡನ್ನೂ ಏರಿಸ್ಲಿಕ್ಕೆ ನೋಡ್ತಿದ್ದೆ. ಗಳಿಸುದು ಕಷ್ಟ, ಗಳಿಸಿದ್ದನ್ನು ಉಳಿಸುದು ಅಷ್ಟು ಕಷ್ಟ ಅಲ್ಲ, ಇದು ಗೊತ್ತಿದ್ರೆ ಅರ್ಧ ತಲೆಬಿಸಿ ಹೋಗ್ತದೆ. ಅದೇ ಹಿಕ್ಸನ್ ಮರುವರ್ಷ ಇನ್ನೊಂದು ಕೆಲಸ ಪ್ರಕಟಿಸಿದ್ರು, ಹತ್ತು ವಾರ ವಾರಕ್ಕೆ ಆರು ದಿನ ಅಭ್ಯಾಸ ಮಾಡಿದವರು ಆಮೇಲೆ ವಾರಕ್ಕೆ ಎರಡೇ ದಿನಕ್ಕೆ ಇಳಿಸಿದ್ರೂ, ತೀವ್ರತೆ ಕಮ್ಮಿ ಮಾಡದಿದ್ರೆ ಉಸಿರಿನ ಸಾಮರ್ಥ್ಯ ಹದಿನೈದು ವಾರ ಹಾಗೇ ಉಳಿಯಿತು. ಭಾರಕ್ಕೂ ಹಾಗೆಯೇ, 2011ರ ಒಂದು ಅಧ್ಯಯನದಲ್ಲಿ ಎಳೆ ಪ್ರಾಯದವರು ವಾರಕ್ಕೆ ಒಂದೇ ದಿನ, ಮೊದಲು ಮಾಡಿದ್ದರ ಒಂಬತ್ತರಲ್ಲಿ ಒಂದು ಪಾಲು ಮಾಡಿಯೂ ಮೂವತ್ತೆರಡು ವಾರ ಸ್ನಾಯು ಉಳಿಸ್ಕೊಂಡ್ರು.

ಹಾಗಾಗಿ ಈಗ ಜೂನಿನಿಂದ ಅಕ್ಟೋಬರ್ ಭಾರದ ಕಾಲ. ಸೋಮವಾರ, ಬುಧವಾರ, ಶುಕ್ರವಾರ ಸಂಜೆ ಜಿಮ್ಮು. ಸ್ಕ್ವಾಟ್, ನೆಲದಿಂದ ಭಾರ ಎತ್ತುವ ಡೆಡ್‌ಲಿಫ್ಟ್, ತಲೆಯ ಮೇಲೆ ಎತ್ತುವ ಓವರ್‌ಹೆಡ್ ಪ್ರೆಸ್, ಪುಲ್ ಅಪ್, ಇಷ್ಟೇ, ಬೈಸೆಪ್ಸಿಗೆ ಬೇರೆ ದಿನ ಅಂತ ಇಡುದಿಲ್ಲ. ಐದರ ಸೆಟ್ಟು, ಎರಡು ವಾರಕ್ಕೊಮ್ಮೆ ಎರಡೂವರೆ ಕಿಲೋ ಏರಿಸುದು. ಮಳೆಯಲ್ಲಿ ರಸ್ತೆ ಓಟ ಹೇಗೂ ಆಗುದಿಲ್ಲ, ವಾರಕ್ಕೆ ಎರಡು ದಿನ ಜಿಮ್ಮಿನ ಸೈಕಲ್ ಮೆಲ್ಲ ತುಳಿಯುದು, ನಲವತ್ತು ನಿಮಿಷ. ಮೆಲ್ಲ ಅಂದ್ರೆ ಎಷ್ಟು ಅಂತ ಕೇಳಿದ್ರೆ, 220ರಿಂದ ಪ್ರಾಯ ಕಳೆದು ಬರುವ ಹಾರ್ಟ್ ರೇಟಿನ ಲೆಕ್ಕ ಎಲ್ಲರೂ ಹೇಳ್ತಾರೆ, ನಂಗೆ 36, ಅಂದ್ರೆ 184. ಅದು ಸರಾಸರಿ, ಒಬ್ಬೊಬ್ಬರಲ್ಲಿ ಹತ್ತು ಹೆಚ್ಚು ಕಮ್ಮಿ ಆಗ್ತದೆ. ನಾನು ಅರ್ಥ ಹೇಳಿ ನೋಡುದು. ಅಭಿಮನ್ಯು ಸುಭದ್ರೆಯ ಹತ್ರ ಅಪ್ಪಣೆ ಕೇಳುವ ಮಾತು, ಒಂದು ಉದ್ದದ ವಾಕ್ಯ ಉಸಿರು ತುಂಡಾಗದೆ ಬಂದ್ರೆ ವೇಗ ಸರಿ ಉಂಟು, ನಡುವಿನಲ್ಲಿ ನಿಂತ್ರೆ ವೇಗ ಜಾಸ್ತಿ ಆಯ್ತು ಅಂತ ಅರ್ಥ. ಮಾತಾಡ್ಲಿಕ್ಕೆ ಆಗ್ತದಾ ಅಂತ ನೋಡುವ ಈ ಪರೀಕ್ಷೆ ವೈದ್ಯರೂ ಹೇಳುವಂಥದ್ದೇ, ನನಗೆ ಮಾತು ಬೇರೆ ಅಷ್ಟೆ.

ನವೆಂಬರಿನಿಂದ ಪಾಲು ತಿರುಗ್ತದೆ. ಜಿಮ್ಮು ವಾರಕ್ಕೆ ಒಂದು, ಪುರುಸೊತ್ತಿದ್ರೆ ಎರಡು ದಿನ, ಭಾರ ಇಳಿಸುದಿಲ್ಲ, ಸೆಟ್ಟು ಇಳಿಸುದು, ಮುಕ್ಕಾಲು ಗಂಟೆಯಲ್ಲಿ ಹೊರಗೆ. ನಾಟ್ಯದ ಪ್ರಾಕ್ಟೀಸ್ ಎರಡು ದಿನ, ಅದನ್ನು ಕಾರ್ಡಿಯೋ ಅಂತಲೇ ಲೆಕ್ಕ ಹಿಡೀಬೇಕು, ಮೊದಲು ನಾನು ಹಿಡೀತಿರ್ಲಿಲ್ಲ, ಅದರ ಮೇಲೆ ಪುನಃ ಓಡ್ತಿದ್ದೆ, ಮೊಣಗಂಟು ಹೋದದ್ದು ಅಲ್ಲಿ. ಮೊಬೈಲಿನಲ್ಲಿ ಚೆಂಡೆ ಹಾಕಿ ಒಂದು ನಿಮಿಷ ಪೂರ್ತಿ ದಿಗಿಣ, ಎರಡು ನಿಮಿಷ ನಡೆಯುದು, ಹೀಗೆ ಆರು ಸಲ. ಪ್ರತಿ ಸಲ ನಿಂತ ಕೂಡ್ಲೇ ಎರಡು ವಾಕ್ಯ ಅರ್ಥ, ಗಟ್ಟಿಯಾಗಿ, ಅಂಗಳದ ಆಚೆ ಕೇಳುವ ಹಾಗೆ. ಭಾನುವಾರ ಮಾತ್ರ ಒಂದು ಉದ್ದದ ಓಟ, ಡಾಂಬರು ಬಿಟ್ಟು ಪದವಿನ, ಅಂದ್ರೆ ಗುಡ್ಡೆ ಮೇಲಿನ ಬಯಲಿನ, ಮಣ್ಣಿನ ದಾರಿಯಲ್ಲಿ, ಮುಳಿಹುಲ್ಲಿನ ನಡುವೆ, ಬೆಳಗ್ಗಿನ ಆರು ಗಂಟೆಗೆ. ಆಟಕ್ಕೆ ಎರಡು ದಿನ ಇರುವಾಗ ಕಾಲಿನ ಭಾರ ಇಲ್ಲ. ಆಟದ ಮರುದಿನ ಎಂತದೂ ಇಲ್ಲ. ಮಧ್ಯರಾತ್ರಿ ಹೊತ್ತಿಗೆ ಮುಗಿಯುವ ಕಾಲಮಿತಿ ಆಟ ಆದ್ರೂ ಬಣ್ಣ ತೆಗೆದು ಮನೆಗೆ ಮುಟ್ಟುವಾಗ ಒಂದೂವರೆ ಆಗ್ತದೆ, ಐದು ಗಂಟೆ ನಿದ್ದೆಯಲ್ಲಿ ಹೋಗಿ ಡೆಡ್‌ಲಿಫ್ಟ್ ಮಾಡಿ ಸೊಂಟ ಹಿಡಿಸ್ಕೊಂಡವರನ್ನು ನೋಡಿದ್ದೇನೆ.

ಊಟದ ವಿಷಯದಲ್ಲಿ ನಾನು ಸ್ವಲ್ಪ ಹಟವಾದಿ. ಎರಡೂ ಮಾಡುವವನಿಗೆ ಊಟ ಕಮ್ಮಿಯಾದ್ರೆ ಮೇಲೆ ಹೇಳಿದ ಯಾವ ಕ್ರಮವೂ ನಡೆಯುದಿಲ್ಲ. ಭಾರ ಎತ್ತುವವರಿಗೆ ದೇಹದ ತೂಕದ ಕೆಜಿಗೆ 1.6 ಗ್ರಾಂ ಪ್ರೊಟೀನ್ ಅಂತ ಲೆಕ್ಕ, ನಾನು 68 ಕೆಜಿ, ಅಂದ್ರೆ ದಿನಕ್ಕೆ ಹತ್ತಿರ ಹತ್ತಿರ 109 ಗ್ರಾಂ. ಬೆಳಿಗ್ಗೆ ಕುಚ್ಚಲಕ್ಕಿ ಗಂಜಿ ಬಿಡುದಿಲ್ಲ, ಅದು ಓಟಕ್ಕೂ ನಾಟ್ಯಕ್ಕೂ ಬೇಕಾದ ಇಂಧನ, ಆದ್ರೆ ಗಂಜಿಗೆ ಉಪ್ಪಿನಕಾಯಿ ಮಾತ್ರ ಸಾಲದು, ಹೆಸರುಕಾಳಿನ ಪಲ್ಯ, ಮೂರು ಮೊಟ್ಟೆ. ಮಧ್ಯಾಹ್ನ ಭೂತಾಯಿ ಅಥವಾ ಬಂಗುಡೆ, ರಾತ್ರಿ ಕಡ್ಲೆ, ಮೊಸರು. ಮೀನು ತಿನ್ನದ ಮನೆಯ ನನ್ನ ಸ್ನೇಹಿತ ಹಾಲು, ಮೊಸರು, ಕಾಳು, ಸೋಯಾದಲ್ಲಿಯೇ ಹೊಂದಿಸ್ತಾನೆ, ಹೊಂದಿಸ್ಲಿಕ್ಕೆ ಆಗ್ತದೆ. ಮಾರ್ಚ್ ಏಪ್ರಿಲಿನ ಸೆಕೆಯಲ್ಲಿ ವೇಷದ ಒಳಗೆ ಹರಿಯುವ ಬೆವರಿಗೆ ಬರೀ ನೀರು ಸಾಲುದಿಲ್ಲ, ಉಪ್ಪು ಹಾಕಿದ ಗಂಜಿ ತಿಳಿ ಒಂದು ಫ್ಲಾಸ್ಕ್ ಚೌಕಿಗೆ ತಗೊಂಡು ಹೋಗ್ತೇನೆ, ಬೊಂಡ (ಎಳನೀರು) ಸಿಕ್ಕಿದ್ರೆ ಅದೂ.

ತೋಟದ ಕೆಲಸ ಇರುವಾಗ ಜಿಮ್ ಎಂತಕ್ಕೆ ಅಂತ ನಮ್ಮ ಕಡೆ ಕೇಳದವರಿಲ್ಲ. ದೊಡ್ಡಪ್ಪನೂ ಕೇಳಿದ್ದಾರೆ. ಅವರಿಗೆ ಎಪ್ಪತ್ತು ಆಗ್ತಾ ಬಂತು, ಈಗ್ಲೂ ತೋಟದಿಂದ ಮೇಲೆ ಮನೆಗೆ ಗುಡ್ಡೆ ಹತ್ತಿ ಬರುವಾಗ ಏದುಸಿರು ಬಿಡುದಿಲ್ಲ, ಅವರ ಮಾತನ್ನು ನಾನು ತೆಗೆದುಹಾಕುದಿಲ್ಲ. ಆದ್ರೆ ಅಡಿಕೆ ಗೋಣಿಯ ತೂಕ ಪ್ರತಿ ವರ್ಷ ಅಷ್ಟೇ, ಮೈ ಅದಕ್ಕೆ ಒಗ್ಗಿ ಅಲ್ಲಿಗೇ ನಿಲ್ತದೆ, ಅದೂ ಯಾವಾಗ್ಲೂ ಒಂದೇ ಹೆಗಲು, ಒಂದೇ ಬಗ್ಗುವಿಕೆ. ಮತ್ತೆ ತೋಟದ ಕೆಲಸ ಜಾಸ್ತಿ ಇದ್ದ ದಿನ ನಾನು ಜಿಮ್ಮಿಗೆ ಹೋಗುದಿಲ್ಲ, ಅದನ್ನು ಅವರಿಗೆ ಹೇಳಿದಾಗ ಒಪ್ಪಿದ್ರು.

ಅಮ್ಮನಿಗೆ 64. ದಿನಾ ಸಂಜೆ ಮಾನ್ಯದ ಕಡೆ ನಡೀತಾರೆ, ವ್ಯಾಯಾಮ ಆಯ್ತು ಅಂತ ಇದ್ರು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಲ್ಲಿ ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ನಡಿಗೆಯಂಥದ್ದು, ಅದರ ಜೊತೆಗೆ ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಅಂತ ಉಂಟು. ಜನ ಮೊದಲಿನ ಅರ್ಧ ಮಾತ್ರ ಕೇಳ್ತಾರೆ. 2011ರ ಅಧ್ಯಯನ ಹೇಳಿದೆನಲ್ಲ, ಅದರಲ್ಲಿ ಅರವತ್ತು ದಾಟಿದವರಿಗೆ ವಾರಕ್ಕೆ ಒಂದು ದಿನ ಸಾಕಾಗ್ಲಿಲ್ಲ, ಅವರ ಸ್ನಾಯು ಕರಗಿತು. ಹಾಗಾಗಿ ಡಾಕ್ಟ್ರನ್ನು ಕೇಳಿ, ಅಮ್ಮನಿಗೆ ಮಂಗಳವಾರ ಮತ್ತು ಶನಿವಾರ ಶುರು ಮಾಡಿಸಿದೆ, ಕುರ್ಚಿಯಿಂದ ಕೈ ಊರದೆ ಏಳುದು ಕೂರುದು ಹತ್ತು ಸಲ, ಎರಡು ಲೀಟರಿನ ನೀರಿನ ಬಾಟ್ಲಿ ಎರಡೂ ಕೈಯಲ್ಲಿ ಹಿಡಿದು ಜಗಲಿಯಲ್ಲಿ ನಡೆಯುದು. ನಾಲ್ಕು ತಿಂಗಳಾಯ್ತು. ಮೊದಲು ನೆಲದಲ್ಲಿ ಕೂತು ಹೂ ಕಟ್ಟಿದ್ರೆ ಏಳ್ಲಿಕ್ಕೆ ಕಂಬ ಹಿಡೀತಿದ್ರು, ಈಗ ಹಿಡಿಯುದಿಲ್ಲ. ನನ್ನ 105 ಕೆಜಿ ಸ್ಕ್ವಾಟಿಗಿಂತ ನಂಗೆ ಇದು ದೊಡ್ಡದು.

ಹೌದು, 105. ಕಳೆದ ಸೀಸನ್ ಪೂರ್ತಿ ಆಡಿ, ಏಪ್ರಿಲಿನಲ್ಲಿ ಸಹ 100ಕ್ಕಿಂತ ಕೆಳಗೆ ಇಳಿಯದೆ, ಈಗ ಮಳೆ ಶುರುವಾದ ಮೇಲೆ ಬಂದದ್ದು. ಕೊನೆಯ ಆಟ ಮೇ ತಿಂಗಳಲ್ಲಿ ನಮ್ಮದೇ ಊರಿನ ಗದ್ದೆಯಲ್ಲಿ, ಅಭಿಮನ್ಯು. ದಿಗಿಣ ಮುಗಿಸಿ ನಿಂತು ಮಾತು ಶುರು ಮಾಡಿದೆ, ಮುಂದಿನ ಸಾಲಿನಲ್ಲಿ ಮಾಸ್ಟ್ರು ಕೂತಿದ್ರು, ವೇಷ ಬಿಚ್ಚುವಾಗ ಚೌಕಿಗೆ ಬಂದು "ಉಸಿರು ಕೇಳ್ಲಿಲ್ಲ" ಅಂತ ಹೇಳಿ ಹೋದ್ರು.

ಒಂದು ಮಾತ್ರ ಸರಿ ಆಗ್ಲಿಕ್ಕೆ ಬಾಕಿ ಉಂಟು. ಮಾರ್ಚಿನಲ್ಲಿ ಶುಕ್ರವಾರ ಶನಿವಾರ ಬೆನ್ನು ಬೆನ್ನಿಗೆ ಎರಡು ಆಟ ಬಂದ್ರೆ ಎರಡನೆಯ ರಾತ್ರಿ ಮೀನಖಂಡ ಕಲ್ಲಾಗ್ತದೆ. ಈ ಮಳೆಗಾಲ ಕಾಫ್ ರೈಸ್ ವಾರಕ್ಕೆ ಮೂರೂ ದಿನ ಸೇರಿಸಿದ್ದೇನೆ, ಕೆಳಗೆ ಪೂರ್ತಿ ಇಳಿಸಿ, ಒಂದು ಸೆಕೆಂಡು ನಿಂತು, ಮೇಲೆ ಏಳುದು, ಒಂದೊಂದೇ ಕಾಲಿನಲ್ಲಿ. ಮಾರ್ಚಿನಲ್ಲಿ ಎಂತ ಆಯ್ತು ಅಂತ ಬರೀತೇನೆ. ಈಗ ಐದು ಗಂಟೆ, ಮಳೆ ಸ್ವಲ್ಪ ಹೊಳವಾದ ಹಾಗುಂಟು, ಬದಿಯಡ್ಕಕ್ಕೆ ಬಸ್ಸು ಬರುವ ಹೊತ್ತು.