ಯಾವ ಲ್ಯಾಪ್‌ಟಾಪ್ ಕೊಡಿಸಲಿ?

"ಮಗಳು ಮೂರನೇ ಕ್ಲಾಸು ಮೇಡಂ. ಕೋಡಿಂಗ್ ಕಲಿಸ್ಬೇಕು ಅಂತಿದ್ದೀವಿ. ಯಾವ ಲ್ಯಾಪ್‌ಟಾಪ್ ಕೊಡಿಸಲಿ?"

ಈ ಪ್ರಶ್ನೆ ಕೇಳದ ಶನಿವಾರ ಇಲ್ಲ. ವಾರವೆಲ್ಲ ನಾನು ಸಾಫ್ಟ್‌ವೇರ್ ಕೆಲಸ ಮಾಡುತ್ತೇನೆ. ಶನಿವಾರ ಮಧ್ಯಾಹ್ನ ಬೆಂಗಳೂರಿನ ತ್ಯಾಗರಾಜನಗರದ ಒಂದು ಪುಟ್ಟ ಹಾಲ್‌ನಲ್ಲಿ 3ರಿಂದ 5ನೇ ಕ್ಲಾಸಿನ ಮಕ್ಕಳ ಜೊತೆ ಕೂರುತ್ತೇನೆ. ಅರ್ಧ ಮಕ್ಕಳು ಸರ್ಕಾರಿ ಶಾಲೆಯವರು. ಅವರ ಅಮ್ಮಂದಿರು ಇದೇ ಪ್ರಶ್ನೆಯನ್ನು ಬೇರೆ ಥರ ಕೇಳುತ್ತಾರೆ: "ನಮ್ಮನೇಲಿ ಇರೋದು ಒಂದೇ ಫೋನು. ನಮ್ಮ ಹುಡುಗನಿಗೆ ಇದೆಲ್ಲ ಆಗತ್ತಾ ಮಿಸ್?"

ಇಬ್ಬರಿಗೂ ನನ್ನ ಉತ್ತರ ಒಂದೇ. ಮೊದಲ ಆರು ತಿಂಗಳು ಏನೂ ಕೊಳ್ಳಬೇಡಿ. ಒಂದು ಡಬ್ಬಿ ಸೀಮೆಸುಣ್ಣ ಸಾಕು.

ಯಾಕೆ ಅಂತ ಹೇಳುತ್ತೇನೆ.

ಹೋದ ವರ್ಷ ನಾಲ್ಕನೇ ಕ್ಲಾಸಿನ ಒಬ್ಬಳು ಹುಡುಗಿ ಬರುತ್ತಿದ್ದಳು. ಅವಳ ಅಜ್ಜಿ ದಿನಾ ಬಾಗಿಲಿಗೆ ಚುಕ್ಕಿ ರಂಗೋಲಿ ಹಾಕುತ್ತಾರೆ. ಒಂದು ದಿನ ನಾನು ಸೀಮೆಸುಣ್ಣ ಹಿಡಿದು ನೆಲದ ಮೇಲೆ ಕೂತೆ. "ನಾನು ಯಂತ್ರ. ನೀನು ಹೇಳಿದ್ದನ್ನು ಮಾತ್ರ ಮಾಡ್ತೀನಿ. ಅಜ್ಜಿಯ ರಂಗೋಲಿಗೆ ಚುಕ್ಕಿ ಇಡಿಸು" ಅಂದೆ.

"15 ಚುಕ್ಕಿ ಇಡಿ ಮಿಸ್." ಇಟ್ಟೆ. ಒಂದರ ಪಕ್ಕ ಒಂದು ಅಂಟಿಸಿಯೇ ಇಟ್ಟೆ. ಮಕ್ಕಳು ನಕ್ಕರು. ಎಷ್ಟು ದೂರ ದೂರ ಅಂತ ಅವಳು ಹೇಳಿರಲಿಲ್ಲ. ಅಳಿಸಿ ಮತ್ತೆ ಶುರು. "ಆಮೇಲೆ ಸಂದಲ್ಲಿ ಚುಕ್ಕಿ ಇಡ್ತಾ ಹೋಗಿ. ಪ್ರತಿ ಸಾಲಲ್ಲೂ ಒಂದೊಂದು ಕಮ್ಮಿ." ಇಡುತ್ತಾ ಹೋದೆ. 14, 13, 12... 8 ದಾಟಿದೆ, 7 ದಾಟಿದೆ. "ನಿಲ್ಸಿ ಮಿಸ್, ನಿಲ್ಸಿ!" ಅಂತ ಕೂಗಿದಳು. ಎಲ್ಲಿ ನಿಲ್ಲಬೇಕು ಅಂತ ಯಂತ್ರಕ್ಕೆ ಯಾರು ಹೇಳಿದ್ದರು? ಅವಳು ಸ್ವಲ್ಪ ಹೊತ್ತು ಸುಮ್ಮನೆ ನಿಂತಳು. ಆಮೇಲೆ ಮುಖ ಅರಳಿತು. "ಅದಕ್ಕೇ ಅಜ್ಜಿ 'ಸಂದು ಚುಕ್ಕಿ, 15ರಿಂದ 8' ಅಂತಾರೆ!"

ಹೌದಲ್ವಾ. ಎಲ್ಲಿಂದ ಶುರು, ಪ್ರತಿ ಸಲ ಏನು ಬದಲಾಗಬೇಕು, ಎಲ್ಲಿಗೆ ನಿಲ್ಲಬೇಕು. ಆಫೀಸಿನಲ್ಲಿ ನಾವು ಲೂಪ್, ಅಂದರೆ ಕಂಪ್ಯೂಟರ್‌ಗೆ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡು ಅನ್ನುವ ಸೂಚನೆ, ಬರೆಯುವಾಗ ಹೇಳುವುದೂ ಈ ಮೂರನ್ನೇ. ನಮ್ಮ ಅಜ್ಜಿಯರು ಅದನ್ನು ಒಂದೇ ಸಾಲಿನಲ್ಲಿ ಹೇಳಿ ಮುಗಿಸುತ್ತಿದ್ದರು.

ಅವತ್ತು ಅರ್ಧ ರಂಗೋಲಿ ಮಾತ್ರ ಬಂತು. ನಡುಸಾಲಿನ ಮೇಲ್ಗಡೆ ಮಾತ್ರ ಹೇಳಿ, ಕೆಳಗಡೆ ಹೇಳಲು ಮರೆತಿದ್ದಳು. ಅದನ್ನೂ ಅವಳೇ ಕಂಡುಹಿಡಿದಳು. ಎರಡೂ ಕಡೆ ಆದ ಮೇಲೆ ಮಕ್ಕಳೆಲ್ಲ ಸೇರಿ ಚುಕ್ಕಿ ಎಣಿಸಿದರು. 169. ಎರಡು ಸಲ ತಪ್ಪಿ, ಮೂರನೇ ಸಲ ಸರಿಯಾಗಿ.

'ಹೀಗಾದರೆ ಇದು ಮಾಡು, ಇಲ್ಲದಿದ್ದರೆ ಅದು ಮಾಡು' ಅನ್ನುವ ಸೂಚನೆ ಕಲಿಸಲು ನನ್ನ ಹತ್ತಿರ ಚೌಕಾಬಾರ ಇದೆ. ನಾಲ್ಕು ಕವಡೆಯೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಕವುಚಿ ಬಿದ್ದರೆ ಬಾರ, ಎರಡರಲ್ಲಿ ಯಾವುದು ಬಿದ್ದರೂ ಇನ್ನೊಂದು ಆಟ. ಇದನ್ನು ಬಾಣದ ಗುರುತು ಹಾಕಿ ಕಾಗದದ ಮೇಲೆ ಬರೆಯಿರಿ ಅಂದರೆ ಮಕ್ಕಳು ಅರ್ಧ ಗಂಟೆ ಜಗಳ ಆಡುತ್ತಾರೆ. ಒಳ್ಳೆಯ ಜಗಳ ಅದು.

ಇದು ನಾನು ಹುಡುಕಿದ್ದೇನೂ ಅಲ್ಲ. 1967ರಲ್ಲಿ ಅಮೆರಿಕದಲ್ಲಿ ಸೀಮೋರ್ ಪ್ಯಾಪರ್ಟ್, ಸಿಂಥಿಯಾ ಸಾಲೊಮನ್, ವಾಲಿ ಫರ್ಜಿಗ್ ಸೇರಿ ಮಕ್ಕಳಿಗಾಗಿ ಲೋಗೋ ಎಂಬ ಭಾಷೆ ಮಾಡಿದರು. ಅದರಲ್ಲಿ ಒಂದು ಆಮೆ ಬಂತು. 'ಮುಂದೆ ಹೋಗು, ತಿರುಗು' ಅಂದರೆ ಗೆರೆ ಎಳೆಯುತ್ತಾ ಹೋಗುವ ಆಮೆ. ಗೊತ್ತಾಗದಿದ್ದರೆ ಮಗು ತಾನೇ ಆಮೆಯಾಗಿ ನಡೆದು ನೋಡಬಹುದು ಅನ್ನುವುದು ಪ್ಯಾಪರ್ಟ್ ಅವರ ಮಾತು. ಅವರ ಹಾದಿಯಲ್ಲೇ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ 2007ರಲ್ಲಿ ಸ್ಕ್ರಾಚ್ ಬಂತು. ಬಣ್ಣದ ತುಂಡುಗಳನ್ನು ಒಂದಕ್ಕೊಂದು ಜೋಡಿಸುವ, ಬೆಕ್ಕನ್ನು ಕುಣಿಸುವ ಸ್ಕ್ರಾಚ್. ಪೂರ್ತಿ ಉಚಿತ. 8 ವರ್ಷದ ಮೇಲಿನವರಿಗೆ ಅದು, 5ರಿಂದ 7 ವರ್ಷದವರಿಗೆ ಸ್ಕ್ರಾಚ್ ಜೂನಿಯರ್.

ಆರು ತಿಂಗಳು ಕಳೆದ ಮೇಲೆ ನಾವೂ ಸ್ಕ್ರಾಚ್ ತೆಗೆಯುತ್ತೇವೆ. ಹಾಲ್‌ನಲ್ಲಿ ಎರಡು ಹಳೇ ಡೆಸ್ಕ್‌ಟಾಪ್ ಇವೆ. ಮೂವರಿಗೆ ಒಂದು. ಐದನೇ ಕ್ಲಾಸಿನ ಒಬ್ಬ ಹುಡುಗ ತ್ರಿಕೋನ ಬರೆಯಲು ಹೊರಟ. ಮೂರೂ ಬದಿ ಸಮ ಇರುವ ತ್ರಿಕೋನದ ಮೂಲೆ 60 ಡಿಗ್ರಿ ಅಂತ ಅವನಿಗೆ ಗೊತ್ತು. ಮೂರು ಸಲ ಮುಂದೆ ಹೋಗು, 60 ತಿರುಗು ಅಂತ ಹಾಕಿದ. ತ್ರಿಕೋನ ಬರಲಿಲ್ಲ. ಬಾಯಿ ತೆರೆದ ಬೋಗುಣಿ ಥರ ಏನೋ ಬಂತು.

ನನ್ನ ನಾಲಿಗೆ ತುದಿಯಲ್ಲಿ 120 ಇತ್ತು. ಹೇಳಲಿಲ್ಲ. ಇದು ನನಗೆ ಇವತ್ತಿಗೂ ಕಷ್ಟದ ಕೆಲಸ.

ಅವನು ಮೂರನ್ನು ಆರು ಮಾಡಿ ನೋಡಿದ. "ಮಿಸ್, ಜೇನುಗೂಡಿನ ಮನೆ ಬಂತು!" ಪಕ್ಕದಲ್ಲಿ ಕೂತಿದ್ದ ರಂಗೋಲಿ ಹುಡುಗಿ ಬಗ್ಗಿ ನೋಡಿದಳು. "ಇದು ನಮ್ಮಜ್ಜಿದು ಕಣೋ. 15ರಿಂದ 8." ನಿಜ. ಸಂದು ಚುಕ್ಕಿ 15ರಿಂದ 8ಕ್ಕೆ ನಿಂತರೆ ಆಗುವುದು ಆರು ಮೂಲೆಯ ಆಕಾರವೇ, ಬದಿಗೆ 8 ಚುಕ್ಕಿ. ನಾನು ಇಷ್ಟು ವರ್ಷ ರಂಗೋಲಿ ನೋಡಿದ್ದೇನೆ, ಈ ಎರಡನ್ನು ಜೋಡಿಸಿ ನೋಡಿರಲಿಲ್ಲ. ತ್ರಿಕೋನ ಸಿಕ್ಕಿದ್ದು ಮುಂದಿನ ವಾರ. ಹುಡುಗ ನೆಲದ ಮೇಲೆ ತಾನೇ ನಡೆದು ನೋಡಿದ. ಮೂಲೆಯಲ್ಲಿ ಮೈ ಹೆಚ್ಚುಕಡಿಮೆ ಹಿಂದಕ್ಕೇ ತಿರುಗಬೇಕಾಯಿತು. 180ರಲ್ಲಿ 60 ಕಳೆದ. ಆವತ್ತು ಅವನು ಮನೆಗೆ ಓಡಿಕೊಂಡೇ ಹೋದ.

ನಾನು 120 ಅಂತ ಹೇಳಿಬಿಟ್ಟಿದ್ದರೆ ತ್ರಿಕೋನ ಒಂದೇ ನಿಮಿಷದಲ್ಲಿ ಬರುತ್ತಿತ್ತು. ಜೇನುಗೂಡು ಬರುತ್ತಿರಲಿಲ್ಲ.

ಅದಕ್ಕೇ ನನಗೆ ಲ್ಯಾಪ್‌ಟಾಪ್‌ಗಿಂತ ನಡುವೆ ಸಹಾಯಕ್ಕೆ ಬರುವ ಅಪ್ಪ ಅಮ್ಮನ ಕೈಯ ಚಿಂತೆ ಜಾಸ್ತಿ. ಲಾಕ್‌ಡೌನ್ ಸಮಯದಲ್ಲಿ ನನ್ನ ಅಕ್ಕನ ಮಗ ಒಂದು ಆನ್‌ಲೈನ್ ಕ್ಲಾಸಿಗೆ ಸೇರಿದ್ದ. ತುಂಬ ದುಡ್ಡು ಕಟ್ಟಿದ್ದರು. ಎರಡು ತಿಂಗಳಲ್ಲಿ ಎಂಟು ಆಟ ಮಾಡಿ ತೋರಿಸಿದ. ಒಂದರಲ್ಲಿ ಚೆಂಡಿನ ವೇಗ ಬದಲಿಸು ಅಂದೆ. ಆಗಲಿಲ್ಲ. ಟೀಚರ್ ಹೇಳಿದ ಹಾಗೆ ತುಂಡುಗಳನ್ನು ಎಳೆದು ಇಟ್ಟಿದ್ದ, ಅಷ್ಟೇ. ಮಗುವಿನ ತಪ್ಪು ಅದರಲ್ಲಿ ಏನೂ ಇರಲಿಲ್ಲ. ತಪ್ಪು ಮಾಡಲು ಅವನಿಗೆ ಯಾರೂ ಬಿಟ್ಟೇ ಇರಲಿಲ್ಲ.

ಕೈಕೆಲಸಕ್ಕೂ ಇದೇ ಮಾತು. ಅರವಿಂದ್ ಗುಪ್ತಾ ಅವರ ಬೆಂಕಿಕಡ್ಡಿ ಮತ್ತು ಸೈಕಲ್ ವಾಲ್ ಟ್ಯೂಬ್ ಜೋಡಣೆ ನಮ್ಮ ಕ್ಲಾಸಿನ ಜೀವಾಳ. ಐಐಟಿ ಕಾನ್ಪುರದಲ್ಲಿ ಓದಿದ ಅವರು ಕಸದಿಂದ ಆಟಿಕೆ ಮಾಡುವುದನ್ನು ದೇಶದ ಮಕ್ಕಳಿಗೆಲ್ಲ ಕಲಿಸಿದರು. ಕಡ್ಡಿಯಲ್ಲಿ ಚೌಕ ಮಾಡಿ ಒತ್ತಿದರೆ ವಾಲುತ್ತದೆ. ತ್ರಿಕೋನ ವಾಲುವುದಿಲ್ಲ. ಇದು ಕೈಗೆ ಗೊತ್ತಾದ ಮೇಲೆ ಮಕ್ಕಳು ಊರೆಲ್ಲ ತ್ರಿಕೋನ ಹುಡುಕುತ್ತಾರೆ. ಮೊಬೈಲ್ ಟವರ್‌ನಲ್ಲಿ, ಅಪಾರ್ಟ್‌ಮೆಂಟ್ ಕಟ್ಟುವ ಕ್ರೇನಿನಲ್ಲಿ. ನಮ್ಮ ಬೆಂಗಳೂರಿನಲ್ಲಿ ಕ್ರೇನಿಗೇನು ಬರ.

ಎಲ್‌ಇಡಿ, ಸೆಲ್ಲು, ವೈರು ಎಲ್ಲ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್‌.ಪಿ. ರೋಡಿನಿಂದ ತರುತ್ತೇನೆ. ಒಂದು ಎಚ್ಚರಿಕೆ ಹೇಳಲೇಬೇಕು. ಬಟನ್ ಸೆಲ್ ಅನ್ನು ಚಿಕ್ಕ ಮಕ್ಕಳ ಕೈಗೆ ಕೊಡಬೇಡಿ. ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಟ್ಟುಬಿಡಬಹುದು. ನಾನು ಎರಡು ಪೆನ್ಸಿಲ್ ಸೆಲ್ ಕೊಡುತ್ತೇನೆ, ಎಲ್‌ಇಡಿ ಸುಟ್ಟುಹೋಗದ ಹಾಗೆ ಜೊತೆಗೆ ಕರೆಂಟ್ ಕಮ್ಮಿ ಮಾಡುವ ಒಂದು ರೆಸಿಸ್ಟರ್.

"ಈಗಲೇ ತಡ ಆಯ್ತಾ?" ಅಂತಲೂ ಕೇಳುತ್ತಾರೆ. ಆಗಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಕೋಡಿಂಗ್ ಅನ್ನು 6ರಿಂದ 8ನೇ ಕ್ಲಾಸಿನ ಹಂತಕ್ಕೆ ಇಟ್ಟಿದೆ. ನಿಮ್ಮ ಮಗಳಿಗೆ ಟೈಮ್ ಇದೆ. ಮುಂದೆ ಕಂಪ್ಯೂಟರ್ ಬೇಕಾದಾಗ ಮನೆಯಲ್ಲಿರುವ ಹಳೆಯದೇ ಸಾಕು. ಹಾಲ್‌ನಲ್ಲಿಡಿ, ರೂಮಿನಲ್ಲಿ ಬೇಡ.

ಮೊನ್ನೆ ಲ್ಯಾಪ್‌ಟಾಪ್ ಕೇಳಿದ ಅಪ್ಪ ಕ್ಲಾಸಿನಲ್ಲಿ ಕೂತು ನೋಡಿದರು. ಮಗಳ ಎಲ್‌ಇಡಿ ಹತ್ತುತ್ತಿರಲಿಲ್ಲ. ಉದ್ದದ ಕಾಲು ಪ್ಲಸ್‌ಗೆ ಹೋಗಬೇಕು, ಅವಳು ಉಲ್ಟಾ ಹಾಕಿದ್ದಳು. ಅವರು ಕೈ ಚಾಚಿದರು. "ಬೇಡ ಸಾರ್, ಐದು ನಿಮಿಷ" ಅಂದೆ. ಕೈ ಹಿಂದಕ್ಕೆ ತಗೊಂಡು ಕಟ್ಟಿಕೊಂಡು ಕೂತರು. ಅವಳು ಸೆಲ್ ಬದಲಿಸಿದಳು. ವೈರ್ ಬದಲಿಸಿದಳು. ಪಕ್ಕದವನದನ್ನು ಇಣುಕಿ ನೋಡಿದಳು. ಎರಡು ಎಲ್‌ಇಡಿಯ ಕಾಲುಗಳನ್ನು ಅಕ್ಕಪಕ್ಕ ಹಿಡಿದು ಅಳೆದಳು.

ಐದು ನಿಮಿಷ ಹದಿನೈದಾಯಿತು. ಹತ್ತಿದಾಗ ಅವಳು ನನ್ನ ಕಡೆ ನೋಡಲಿಲ್ಲ, ಅಪ್ಪನ ಕಡೆಯೂ ನೋಡಲಿಲ್ಲ. ಕಿತ್ತು, ಮತ್ತೆ ಉಲ್ಟಾ ಹಾಕಿ, ಆರಿಹೋಗುತ್ತದಾ ಅಂತ ನೋಡಿದಳು.